ಮಾಳಿಗೆ ನೀರಿನ ದೋಣಿ ಮತ್ತು ಪೈಪು: ಮೋಟೆಬೆನ್ನೂರು ಸೀಮೆಯ ಮನೆಗಳಲ್ಲಿ ದೋಷ ಪತ್ತೆ, ದುರಸ್ತಿ

ಮನೆಯ ಮೇಲೆ ಬಿದ್ದ ಮಳೆನೀರು ಗೋಡೆಗೂ ಪಾಯಕ್ಕೂ ತಾಗದಂತೆ ಕೆಳಗಿಳಿದು ದೂರ ಹೋಗಬೇಕು. ಅದಕ್ಕೆಂದು ಸೂರಿನ ಅಂಚಿಗೆ ಕಟ್ಟುವ ಅಥವಾ ಮಾಳಿಗೆಯ ಕುಂಬಿಯಲ್ಲಿ ಕೂರಿಸುವ ಕಾಲುವೆಯೇ ದೋಣಿ. ಅಲ್ಲಿಂದ ನೀರನ್ನು ಇಳಿಸುವುದು ಪೈಪು, ನೆಲದ ಮೇಲೆ ಸಾಗಿಸುವುದು ಗಟಾರ. ಮೂರರಲ್ಲಿ ಯಾವುದು ಕೆಟ್ಟರೂ ಮನೆ ಸೋರುತ್ತದೆ, ಆದರೆ ಸೋರುವ ಜಾಗವೇ ಕೆಟ್ಟ ಜಾಗವಾಗಿರುವುದು ಕಡಿಮೆ. ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ಇದೆ. ಈ ಸೀಮೆಯ ಊರುಗಳಲ್ಲಿ ಮೇಲ್ಮುದ್ದೆ, ಮಂಗಳೂರು ಹಂಚು, ಪತ್ರಾಸು, ಆರ್‌ಸಿಸಿ ಸ್ಲ್ಯಾಬು ಎಲ್ಲವೂ ಅಕ್ಕಪಕ್ಕದಲ್ಲೇ ಇವೆ. ಒಂದಕ್ಕೆ ಹೊಂದುವ ಮದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಮಳೆ

ಹಾವೇರಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 700ರಿಂದ 800 ಮಿ.ಮೀ. ಮಳೆಯಾಗುತ್ತದೆ. ಪಶ್ಚಿಮದ ಹಾನಗಲ್ಲು ಅರೆಮಲೆನಾಡು. ಪೂರ್ವಕ್ಕೆ ರಾಣೆಬೆನ್ನೂರಿನತ್ತ ಸರಿದಂತೆ ಬಯಲುಸೀಮೆ. ಕರಾವಳಿಗೂ ಮಲೆನಾಡಿಗೂ ಹೋಲಿಸಿದರೆ ಇಲ್ಲಿನ ಮಳೆ ಬಹಳ ಕಡಿಮೆ. ಅಲ್ಲಿ ಮಾಡನ್ನು ಕಡಿದಾಗಿ ಇಳಿಸಿ, ಸೂರನ್ನು ಉದ್ದಕ್ಕೆ ಚಾಚಿ, ಅಡಕೆ ಮರ ಸೀಳಿ ಕೊರೆದ ದಂಬೆಯನ್ನು ಅಂಚಿಗೆ ಕಟ್ಟಿ ಮಳೆಯನ್ನು ನಿಭಾಯಿಸುತ್ತ ಬಂದಿದ್ದಾರೆ. ಬಯಲುಸೀಮೆಯ ಮಾಳಿಗೆ ಮಟ್ಟಸ, ಸೂರು ಗಿಡ್ಡ. ಮಳೆ ಕಡಿಮೆ ಎಂಬ ಭರವಸೆಯ ಮೇಲೆ ಕಟ್ಟಿದ ಮನೆಗಳಿವು. ಕಷ್ಟ ಬರುವುದು ಮಳೆಯ ಒಟ್ಟು ಲೆಕ್ಕದಿಂದಲ್ಲ, ಅದು ಬೀಳುವ ರೀತಿಯಿಂದ.

ಏಪ್ರಿಲ್–ಮೇ ತಿಂಗಳ ಅಡ್ಡಮಳೆ ಗುಡುಗು ಗಾಳಿಯೊಂದಿಗೆ ಬಂದು ಅರ್ಧ ತಾಸಿನಲ್ಲಿ ಸುರಿದು ಹೋಗುತ್ತದೆ. ಅಕ್ಟೋಬರಿನ ಹಿಂಗಾರಿ ಮಳೆಯದೂ ಇದೇ ಗುಣ. ಆರಿದ್ರೆಯಿಂದ ಪುಷ್ಯದವರೆಗಿನ ಮಳೆ ಹಾಗಲ್ಲ, ಹಗಲೂ ರಾತ್ರಿ ಜಿಟಿಜಿಟಿ ಹಿಡಿಯುತ್ತದೆ. ಬಿರುಮಳೆಯಲ್ಲಿ ಮಾತ್ರ ಸೋರಿದರೆ ದೋಣಿ ಅಥವಾ ಪೈಪು ಚಿಕ್ಕದಾಗಿದೆ, ಇಲ್ಲವೇ ಕಟ್ಟಿಕೊಂಡಿದೆ. ಬಿರುಮಳೆಗೆ ಸೋರದೆ ಜಿಟಿಮಳೆಯ ಮೂರನೇ ದಿನಕ್ಕೆ ಹಸಿ ಕಾಣಿಸಿದರೆ ದೋಷ ಬೆಸುಗೆಯಲ್ಲಿ, ಬಿರುಕಿನಲ್ಲಿ ಅಥವಾ ನೆಲದಲ್ಲಿದೆ. ಗೌಂಡಿಯನ್ನು ಕರೆಸುವ ಮೊದಲೇ ಮನೆಯವರು ಇಷ್ಟನ್ನು ಗಮನಿಸಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 10 ಮೀಟರ್ ಉದ್ದ, 6 ಮೀಟರ್ ಅಗಲದ ಮಾಳಿಗೆಯ ಮೇಲೆ ತಾಸಿಗೆ 50 ಮಿ.ಮೀ. ವೇಗದಲ್ಲಿ ಮಳೆ ಹೊಡೆದರೆ ನಿಮಿಷಕ್ಕೆ 50 ಲೀಟರ್, ತಾಸಿಗೆ 3000 ಲೀಟರ್ ಇಳಿಯಬೇಕು. ಕಟ್ಟಡ ಕೈಪಿಡಿಗಳ ಲೆಕ್ಕದಲ್ಲಿ ಈ ವೇಗದ ಮಳೆಗೆ 75 ಮಿ.ಮೀ. ಪೈಪು ಸುಮಾರು 40 ಚದರ ಮೀಟರ್ ಮಾಳಿಗೆಗೆ ಸಾಕು, 100 ಮಿ.ಮೀ. ಪೈಪು 85ಕ್ಕೆ. ಮಳೆ ತಾಸಿಗೆ 75 ಮಿ.ಮೀ. ಆದರೆ ಇವು 27 ಮತ್ತು 57ಕ್ಕೆ ಇಳಿಯುತ್ತವೆ. ಆದ್ದರಿಂದ ಇಷ್ಟು ದೊಡ್ಡ ಮಾಳಿಗೆಗೆ ಮೂರು ಇಂಚಿನ ಒಂದೇ ಪೈಪು ಸಾಲದು. ನಾಲ್ಕು ಇಂಚಿನದೊಂದು ಹಾಕಿ ಎದುರು ಮೂಲೆಯಲ್ಲಿ ಇನ್ನೊಂದು ಕೊಟ್ಟರೆ ಒಂದು ಕಟ್ಟಿಕೊಂಡರೂ ಇನ್ನೊಂದು ನಡೆಯುತ್ತದೆ. ಪೈಪಿನ ಖರ್ಚು ಉಳಿಸುವುದು ಈ ಕೆಲಸದಲ್ಲಿ ಮಾಡಬಾರದ ಉಳಿತಾಯ.

ಮೇಲ್ಮುದ್ದೆ ಮನೆ

ತೊಲೆ, ಜಂತಿಗಳ ಮೇಲೆ ಹಲಗೆ ಅಥವಾ ಕಟ್ಟಿಗೆ ಹರಡಿ, ಅದರ ಮೇಲೆ ಮಣ್ಣು ಹಾಸಿ ಬಡಿದು ಮಾಡಿದ ಮಾಳಿಗೆ ಇದು. ಮೇಲ್ಪದರಕ್ಕೆ ಸವಳು ಮಣ್ಣು ಹಾಕುವುದು ಹಳೆಯ ಪದ್ಧತಿ. ಸವಳಿನಲ್ಲಿರುವ ಉಪ್ಪಿನಂಶದಿಂದಾಗಿ ನೆನೆದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ, ನೀರು ಇಂಗದೆ ಹರಿದು ಹೋಗುತ್ತದೆ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ ಕೊನೆಯ ವಾರದೊಳಗೆ, ಮಾಳಿಗೆಯ ಹುಲ್ಲು ಕಿತ್ತು, ಹೊಸ ಮಣ್ಣು ಹರಡಿ, ದಿಮ್ಮಸು ಹೊಡೆದು, ದೋಣಿಯ ಬಾಯಿ ಬಿಡಿಸುವುದು ಮನೆಗೆಲಸದ ಭಾಗವೇ ಆಗಿತ್ತು. ಸೋರುವ ಮಾಳಿಗೆಯನ್ನು ತತ್ತ್ವಪದಕ್ಕೆ ವಸ್ತು ಮಾಡಿಕೊಂಡ ಶಿಶುನಾಳ ಶರೀಫರು (1819–1889) ಇದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನವರು. ಕೇಳುವವರಿಗೆ ಮಾಳಿಗೆಯ ಈ ಪಾಡು ವಿವರಿಸಿ ಹೇಳಬೇಕಾದದ್ದಾಗಿರಲಿಲ್ಲ.

ಈ ಮನೆಯ ದೋಣಿ ಮರದ್ದೋ ಕಲ್ಲಿನದೋ ತಗಡಿನದೋ ಆಗಿದ್ದು ಕುಂಬಿಯಿಂದ ಒಂದೆರಡು ಅಡಿ ಮುಂದೆ ಚಾಚಿರುತ್ತದೆ. ಆ ಚಾಚೇ ಅದರ ಜೀವ. ಮುರಿದ ದೋಣಿಯ ಜಾಗದಲ್ಲಿ ಗೇಣುದ್ದದ ಪ್ಲಾಸ್ಟಿಕ್ ಪೈಪಿನ ತುಂಡು ತುರುಕಿದರೆ ಬಿರುಮಳೆಯಲ್ಲಿ ಮಾತ್ರ ನೀರು ದೂರ ಚಿಮ್ಮುತ್ತದೆ. ಜಿಟಿಮಳೆಯಲ್ಲಿ ಹನಿ ಪೈಪಿನ ಹೊಟ್ಟೆಗೆ ಅಂಟಿ ಹಿಂದಕ್ಕೆ ಹರಿದು ಮಣ್ಣಿನ ಗೋಡೆಯೊಳಗೇ ಇಳಿಯುತ್ತದೆ. ಪೈಪು ಕನಿಷ್ಠ ಒಂದೂವರೆ ಅಡಿ ಹೊರಗಿರಲಿ, ತುದಿ ತುಸು ಕೆಳಕ್ಕೆ ಬಾಗಿರಲಿ, ತುದಿಯನ್ನು ಓರೆಯಾಗಿ ಕತ್ತರಿಸಿರಲಿ. ಆಗ ಹನಿ ಅಲ್ಲೇ ಕಡಿದು ಬೀಳುತ್ತದೆ.

ಮಾಳಿಗೆಗೆ ತಾಡಪತ್ರಿ ಹೊದಿಸುವುದು ಈಗ ಎಲ್ಲೆಡೆ ರೂಢಿ. ಅದು ತಪ್ಪಲ್ಲ. ಆದರೆ ತಾಡಪತ್ರಿ ಹಾರಬಾರದೆಂದು ಇಡುವ ಕಲ್ಲು, ಹಳೆ ಟೈರು ದೋಣಿಯ ಬಾಯಲ್ಲೇ ಕೂತು ನೀರನ್ನು ತಡೆದು ನಿಲ್ಲಿಸುವುದುಂಟು. ನೆನೆದ ಮಣ್ಣಿನ ಭಾರವನ್ನೇ ಹೊರಲಾರದ ಜಂತಿಯ ಮೇಲೆ ನಿಂತ ನೀರೂ ಸೇರಿದರೆ ಅಪಾಯ. ಜಂತಿ ಬಾಗಿದ್ದು, ಗೋಡೆ ಹೊಟ್ಟೆ ಬಿಟ್ಟದ್ದು, ಮೇಲಿನಿಂದ ಮಣ್ಣು ಉದುರುವುದು ಕಂಡರೆ ಮಾಳಿಗೆ ಹತ್ತಬಾರದು. ಆ ಕೋಣೆಯಲ್ಲಿ ಮಲಗುವುದನ್ನು ಅಂದೇ ನಿಲ್ಲಿಸಬೇಕು. 2019ರ ಆಗಸ್ಟಿನ ಮಳೆಯಲ್ಲಿ ಜಿಲ್ಲೆಯ ಸಾವಿರಾರು ಮನೆಗಳಿಗೆ ಹಾನಿಯಾಯಿತು. 2024ರ ಜುಲೈನಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಮನೆ ಕುಸಿದು ಇಬ್ಬರು ಮಕ್ಕಳೂ ಸೇರಿ ಮೂವರು ತೀರಿಕೊಂಡರು. ನೆನೆದ ಮಣ್ಣಿನ ಗೋಡೆ ಮಳೆ ನಿಂತ ಮೇಲೂ ಬೀಳಬಹುದು ಎಂಬುದನ್ನು ಮರೆಯಬಾರದು.

ಹಂಚು ಮತ್ತು ಪತ್ರಾಸು

ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಆ ಹಂಚು ಕ್ರಮೇಣ ಘಟ್ಟ ಹತ್ತಿ ಬಯಲುಸೀಮೆಗೂ ಬಂತು. ಹಂಚಿನ ಮನೆಯಲ್ಲಿ ಬಹುಪಾಲು ತಕರಾರು ಎರಡು ಮಾಡುಗಳು ಕೂಡುವ ಒಳಮೂಲೆಯ ತಗಡಿನ ದೋಣಿಯದು. ಎರಡು ಮಾಡಿನ ನೀರೂ ಅಲ್ಲಿಗೇ ಬರುತ್ತದೆ. ಬೇವಿನ ಎಲೆ, ಹುಣಸೆ ಎಲೆ, ಒಡೆದ ಹಂಚಿನ ಚೂರು, ಇಲಿ ತಂದಿಟ್ಟ ಕಸವೂ ಅಲ್ಲಿಗೇ ಬರುತ್ತವೆ. ನೀರು ಕಟ್ಟಿ ತಗಡಿನ ಅಂಚು ದಾಟಿ ಒಳಗೆ ಬಿದ್ದಾಗ ಜನ ಹಂಚು ಬದಲಿಸುತ್ತಾರೆ. ಹಂಚಿನಲ್ಲಿ ತಪ್ಪಿರುವುದಿಲ್ಲ. ಎರಡು ಸಾಲು ಹಂಚು ತೆಗೆದು, ಕಸ ಬಳಿದು, ತಗಡನ್ನು ಒರೆಸಿ ಒಣಗಿಸಿ, ಅಟ್ಟದ ಕತ್ತಲಲ್ಲಿ ನಿಂತು ಮೇಲೆ ನೋಡಿದರೆ ತುಕ್ಕಿನ ತೂತುಗಳಲ್ಲಿ ಬೆಳಕು ಕಾಣುತ್ತದೆ. ಒಂದೆರಡು ತೂತಿದ್ದರೆ ತುಕ್ಕು ಉಜ್ಜಿ, ತಗಡಿನ ತುಂಡನ್ನು ಸೀಲಂಟಿನೊಂದಿಗೆ ರಿವೆಟ್ ಹೊಡೆದು ಕೂರಿಸಬಹುದು. ಜರಡಿಯಾಗಿದ್ದರೆ ಡಾಂಬರು ಬಳಿದು ಫಲವಿಲ್ಲ, ಬೇಸಿಗೆಯ ಬಿಸಿಲಿಗೆ ಅದು ಒಡೆಯುತ್ತದೆ, ತಗಡನ್ನೇ ಬದಲಿಸಬೇಕು. ಹೊಸ ತಗಡು ಜೋಡಿಸುವಾಗ ಮೇಲಿನ ತುಂಡು ಕೆಳಗಿನ ತುಂಡಿನ ಮೇಲೆ ಅರ್ಧ ಅಡಿ ಬರಬೇಕು.

ಪತ್ರಾಸಿನ ಅಂಚಿಗೆ ಕಟ್ಟುವ ದೋಣಿಗೆ ವಾಟ ಮುಖ್ಯ. ಮೀಟರಿಗೆ 5 ಮಿ.ಮೀ. ಇಳಿಜಾರು ಸಾಕು, 6 ಮೀಟರಿಗೆ 3 ಸೆಂ.ಮೀ. ಕಣ್ಣಂದಾಜಿನಲ್ಲಿ ಕಟ್ಟಬಾರದು, ನೀರು ತುಂಬಿದ ಲೆವೆಲ್ ಪೈಪು ಹಿಡಿದು ಎರಡೂ ತುದಿ ಗುರುತು ಮಾಡಿ ದಾರ ಎಳೆಯಬೇಕು. ಕ್ಲಾಂಪುಗಳ ನಡುವೆ ಎರಡು ಅಡಿಗಿಂತ ಹೆಚ್ಚು ಅಂತರ ಬಿಟ್ಟರೆ ನೀರಿನ ಭಾರಕ್ಕೆ ದೋಣಿ ನಡುವೆ ಜೋತು ಅಲ್ಲೇ ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಎಂಟು–ಹತ್ತು ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಬೆಳೆದುಬಿಡುತ್ತದೆ. ಪಿವಿಸಿ ದೋಣಿಯಾದರೆ ಬಿಸಿಲಿಗೂ ಮಳೆಗೂ 6 ಮೀಟರಿನಲ್ಲಿ ಸುಮಾರು ಒಂದು ಸೆಂ.ಮೀ. ಹಿಗ್ಗಿ ಕುಗ್ಗುತ್ತದೆ. ಎರಡೂ ತುದಿ ಬಿಗಿದರೆ ನಡುವಿನ ಬೆಸುಗೆ ಬಿರಿಯುತ್ತದೆ. ಸಿಮೆಂಟ್ ಶೀಟಿನ ಮೇಲೆ ಕಾಲಿಡಲೇಬಾರದು. ತಳದ ಕಟ್ಟಿಗೆಯ ನೇರಕ್ಕೆ ಹಲಗೆ ಹಾಸಿ ನಡೆಯಬೇಕು. ಮನೆಗೆ ಬರುವ ಕರೆಂಟಿನ ತಂತಿ ಹತ್ತಿರವಿದ್ದರೆ ಅಲ್ಯುಮಿನಿಯಂ ಏಣಿ ಬೇಡ.

ಸ್ಲ್ಯಾಬಿನ ಮನೆ

ಮಾಳಿಗೆ ನೀರು ಕುಂಬಿಯ ತೂತಿಗೆ ಬಂದು ಪೈಪಿಗೆ ಇಳಿಯುವ ಜಾಗವೇ ಇಲ್ಲಿ ಬಹುಪಾಲು ತೊಂದರೆಗಳ ಮೂಲ. ಸ್ಲ್ಯಾಬು ಹಾಕುವಾಗ ಪೈಪು ಬಿಡದೆ, ಆಮೇಲೆ ಉಳಿಯಿಂದ ಕಡಿದು ಪೈಪು ತೂರಿಸಿ ಸುತ್ತ ಸಿಮೆಂಟ್ ಮೆತ್ತುತ್ತಾರೆ. ನುಣುಪಾದ ಪಿವಿಸಿಗೆ ಸಿಮೆಂಟ್ ಹಿಡಿಯುವುದಿಲ್ಲ. ಕೂದಲೆಳೆಯಷ್ಟು ಸಂದಿನಲ್ಲಿ ಇಳಿದ ನೀರು ಕೆಳಗೆ ಒಳಕೋಣೆಯ ಮೂಲೆಯಲ್ಲಿ ಹಳದಿ ಕಲೆಯಾಗಿ ಕಾಣುತ್ತದೆ. ಅದಕ್ಕೆ ಒಳಗಿನಿಂದ ಬಣ್ಣ, ಪುಟ್ಟಿ ಬಳಿಯುವುದು ವ್ಯರ್ಥ. ಪೈಪಿನ ಸುತ್ತ ಎರಡು ಸೆಂ.ಮೀ. ಆಳಕ್ಕೆ ಗಿಲಾವು ಕಡಿಯಬೇಕು. ಪೈಪಿನ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಪೈಪಿನ ಅಂಟು ಬಳಿದು, ಹಸಿಯಿರುವಾಗಲೇ ಒಣ ಮರಳು ಉದುರಿಸಬೇಕು. ಅಂಟು ಗಟ್ಟಿಯಾದ ಮೇಲೆ ಮೈ ಒರಟಾಗಿ ಸಿಮೆಂಟ್ ಕಚ್ಚಿಕೊಳ್ಳುತ್ತದೆ. ಆಮೇಲೆ ಪಾಲಿಮರ್ ಬೆರೆಸಿದ ಗಾರೆ ತುಂಬಿ, ಕುಂಬಿಯ ಬುಡದಲ್ಲಿ ದುಂಡಗೆ ಅಂಚು ತೀಡಿ, ವಾಟರ್‌ಪ್ರೂಫ್ ಲೇಪವನ್ನು ಪೈಪಿನ ಬಾಯೊಳಕ್ಕೂ ಎರಡು ಬೆರಳು ಇಳಿಯುವಂತೆ ಎರಡು ಕೈ ಹೊಡೆಯಬೇಕು. ಲೇಪ ಪೂರ್ತಿ ಒಣಗಿದ ನಂತರ ಬಾಯಿಗೆ ಅರಿವೆ ಗಿಡಿದು ಒಂದು ಇಂಚು ನೀರು ನಿಲ್ಲಿಸಿ 24 ತಾಸು ನೋಡಿದರೆ ಕೆಲಸದ ಗುಣ ತಿಳಿಯುತ್ತದೆ. ಹಳೆಯ, ಕಬ್ಬಿಣ ತೋರುವ ಸ್ಲ್ಯಾಬಿಗೆ ಈ ಪರೀಕ್ಷೆ ಬೇಡ.

ಮೆಣಸಿನಕಾಯಿ ಸುಗ್ಗಿಯಲ್ಲಿ ಮಾಳಿಗೆಯನ್ನು ಕಾಯಿ ಒಣಗಿಸಲು ಬಳಸಿದ ಮನೆಗಳಲ್ಲಿ ತೊಟ್ಟು, ಬೀಜ, ಧೂಳು ಸೇರಿ ಪೈಪಿನ ಮೊದಲ ಬೆಂಡಿನಲ್ಲಿ ಗಟ್ಟಿ ಬಿರಡೆಯಾಗುತ್ತವೆ. ಮೇಲಿನಿಂದ ಸಲಾಕೆ ಹಾಕಿ ತಿವಿದರೆ ಅದು ಇನ್ನಷ್ಟು ಬಿಗಿಯುತ್ತದೆ. ಕೆಳಗಿನ ಬೆಂಡನ್ನು ಬಿಚ್ಚಿ, ಬಿದಿರ ಸೀಳನ್ನು ಕೆಳಗಿನಿಂದ ಏರಿಸಿ ಸಡಿಲಿಸಿ, ಆಮೇಲೆ ಮೇಲಿನಿಂದ ನೀರು ಸುರಿಯಬೇಕು. ಬಾಯಿಗೆ ಕೂರಿಸುವ ಜಾಳಿಗೆ ಮಟ್ಟಸವಾಗಿರದೆ ಬುಟ್ಟಿಯಂತೆ ಉಬ್ಬಿರಲಿ. ಮಟ್ಟಸ ಜಾಳಿಗೆಯನ್ನು ನಾಲ್ಕು ಎಲೆ ಮುಚ್ಚಿಬಿಡುತ್ತವೆ. ಹಕ್ಕಿಗಳಿಂದ ಬಂದ ಬೀಜ ಮೊಳೆತು ಕುಂಬಿಯ ಸಂದಿನಲ್ಲಿ ಅರಳಿ ಗಿಡ ಎದ್ದಿದ್ದರೆ ಚಿವುಟಿದಷ್ಟೂ ಅದು ಬೇರು ಬಲಿಸುತ್ತದೆ. ಗಾರೆ ಬಿಡಿಸಿ ಬೇರು ಸಮೇತ ತೆಗೆಯುವುದೊಂದೇ ದಾರಿ.

ಜೋಡಣೆಯಲ್ಲಿ ನೋಡಬೇಕಾದ ಇನ್ನೊಂದು ಸಂಗತಿ ಪೈಪಿನ ಕಾಲರು. ಅಗಲವಾದ ಬಾಯಿ ಯಾವಾಗಲೂ ಮೇಲಕ್ಕಿರಬೇಕು, ಮೇಲಿನ ಪೈಪು ಅದರೊಳಗೆ ಕೂರಬೇಕು. ಅವಸರದಲ್ಲಿ ತಿರುವುಮುರುವಾಗಿ ಜೋಡಿಸಿದ ಪೈಪಿನ ಪಕ್ಕದ ಗೋಡೆಯ ಮೇಲೆ ಕಾಲರಿದ್ದಲ್ಲೆಲ್ಲ ಹಸಿರು ಪಾಚಿಯ ಗುರುತು ಬಿದ್ದಿರುತ್ತದೆ. ಅಂದಕ್ಕಾಗಿ ಪೈಪನ್ನು ಗೋಡೆಯೊಳಗೆ ಹುದುಗಿಸುವುದಂತೂ ಬೇಡವೇ ಬೇಡ.

ಬುಡದ ನೀರು

ಗೋಡೆಯ ಹಸಿ ಎಲ್ಲಿದೆ ಎಂಬುದರಿಂದಲೇ ಮೂಲ ಗೊತ್ತಾಗುತ್ತದೆ. ಮೇಲೆ ಮಾಳಿಗೆಗೆ ಹತ್ತಿ ಇದ್ದರೆ ಅದು ಕುಂಬಿಯ ಬಾಯಿಂದ ಬಂದದ್ದು. ಪೈಪಿನ ನೇರಕ್ಕೆ ಉದ್ದ ಪಟ್ಟಿಯಾಗಿದ್ದರೆ ಕಾಲರಿನಿಂದ. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಅಡ್ಡವಾಗಿ ಹಬ್ಬಿ ಬಿಳಿ ಉಪ್ಪು ಮೂಡಿದ್ದರೆ ಬುಡದಿಂದ. ಸಂಶಯವಿದ್ದರೆ ಒಣ ದಿನದಲ್ಲಿ ಒಬ್ಬರು ಮೇಲೆ ನಿಂತು ಕೊಡ ಕೊಡ ನೀರು ಸುರಿಯಬೇಕು, ಒಬ್ಬರು ಕೆಳಗೆ ನೋಡಬೇಕು. ಮೊದಲು ಪೈಪಿನ ಬಾಯಿಗೇ ಸುರಿದು, ಅಲ್ಲಿ ಸೋರದಿದ್ದರೆ ದೋಣಿಗೆ, ಆಮೇಲೆ ಮಾಳಿಗೆಗೆ ಹೀಗೆ ಕೆಳಗಿನಿಂದ ಮೇಲಕ್ಕೆ ಸರಿಯಬೇಕು. ಮೇಲಿನಿಂದ ಶುರುಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ.

ಮೂರರಲ್ಲಿ ಜನ ಹೆಚ್ಚು ಅಲಕ್ಷ್ಯ ಮಾಡುವುದು ಬುಡವನ್ನು. ಈ ಸೀಮೆಯಲ್ಲಿ ಹೆಚ್ಚು ಹಾನಿ ಮಾಡುವುದೂ ಅದೇ. ಎರೆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಪೈಪು ಮನೆಯ ಒಂದೇ ಮೂಲೆಗೆ ನೀರು ಸುರಿದರೆ ಆ ಮೂಲೆಯ ಪಾಯ ಮಾತ್ರ ಏರಿಳಿದು ಕಿಟಕಿಯ ಮೂಲೆಗಳಿಂದ ಗೋಡೆ ಓರೆಯಾಗಿ ಸೀಳುತ್ತದೆ. ಮಸಾರಿ ನೆಲದಲ್ಲಿ ಉಬ್ಬು ಕಡಿಮೆ, ಕೊರೆತ ಹೆಚ್ಚು. ಪೈಪಿನ ತುದಿಗೆ ಬೆಂಡ್ ಹಾಕಿ, ಅದರಡಿ ಕಲ್ಲುಚಪ್ಪಡಿ ಇಟ್ಟು, ಗೋಡೆಯಿಂದ ಕನಿಷ್ಠ ಐದು ಅಡಿ ಆಚೆಗೆ ಗಟಾರಕ್ಕೆ ಕೂಡಿಸಬೇಕು. ಗೋಡೆಯ ಸುತ್ತ ಹೊರಕ್ಕೆ ವಾಟ ಕೊಟ್ಟ ಎರಡು ಅಡಿ ಅಗಲದ ಕಾಂಕ್ರೀಟು ಪಟ್ಟಿಯೂ ಬೇಕು. ಓಣಿಗೆ ಸಿಮೆಂಟ್ ರಸ್ತೆ ಪದರದ ಮೇಲೆ ಪದರ ಬಿದ್ದು ಅಂಗಳ ತಗ್ಗಾಗಿರುವ ಕಡೆ ಪೈಪಿನ ನೀರು ಹೊರಗೆ ಹೋಗಲಾರದೆ ಹೊಸ್ತಿಲಿಗೇ ಮರಳುತ್ತದೆ. ಅಲ್ಲಿ ಪೈಪನ್ನು ಗೋಡೆಯ ಮೇಲ್ಭಾಗದಲ್ಲೇ ಅಡ್ಡಕ್ಕೆ ಒಯ್ದು ಗಟಾರದ ನೇರಕ್ಕೆ ಇಳಿಸುವುದೇ ಉಪಾಯ.

ನೀರನ್ನು ಇಂಗುಗುಂಡಿಗೋ ಬೋರಿನ ಬುಡಕ್ಕೋ ಬಿಡುವುದು ಒಳ್ಳೆಯದು; 60 ಚದರ ಮೀಟರ್ ಮಾಳಿಗೆಗೆ ವರ್ಷದಲ್ಲಿ 40,000 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಗುಂಡಿ ಪಾಯದಿಂದ ಹತ್ತು ಅಡಿಯಾದರೂ ದೂರವಿರಲಿ. ಹಿರಿಯರನ್ನು ಕೇಳಿ ಹಳೆಯ ಹಗೇವು, ಅಂದರೆ ಕಾಳು ತುಂಬಿಡುತ್ತಿದ್ದ ನೆಲದಡಿಯ ಗುಂಡಿ, ಎಲ್ಲಿತ್ತೆಂದು ತಿಳಿದುಕೊಳ್ಳಬೇಕು. ಮುಚ್ಚಿದ ಹಗೇವಿನ ಮೇಲೆ ನೀರು ಇಳಿದರೆ ನೆಲ ಒಮ್ಮೆಲೇ ಕುಸಿಯಬಹುದು.

ಪಕ್ಕದ ಮನೆಯ ನೀರು

ಒಬ್ಬರ ದೋಣಿ ಇನ್ನೊಬ್ಬರ ಗೋಡೆಗೆ ಸುರಿಯುವ ಜಗಳ ಹಳೆಯದು. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆಯಂತೆ 20 ವರ್ಷ ಅಡ್ಡಿಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ನಡೆದು ಬಂದ ನೀರಿನ ದಾರಿಗೆ ರಕ್ಷಣೆ ಸಿಗಬಹುದು. ಹೊಸದಾಗಿ ಕಟ್ಟಿದವರು ಸ್ಲ್ಯಾಬಿನ ನೀರನ್ನೆಲ್ಲ ಪಕ್ಕದ ಮಣ್ಣಿನ ಗೋಡೆಗೆ ತಿರುಗಿಸಿದರೆ ಆ ಹಳೆಯ ಹಕ್ಕು ಅವರಿಗೆ ಬರುವುದಿಲ್ಲ. ಇಬ್ಬರೂ ಸೇರಿ ನಡುಗೋಡೆಯ ಮೇಲೆ ಒಂದೇ ದೋಣಿ ಕಟ್ಟಿ ಒಂದೇ ಪೈಪಿನಿಂದ ಓಣಿಯ ಗಟಾರಕ್ಕೆ ಇಳಿಸಿಕೊಳ್ಳಬಹುದು. ಆಗ ಎರಡೂ ಮಾಳಿಗೆಗಳ ವಿಸ್ತಾರ ಕೂಡಿಸಿ ಪೈಪಿನ ಅಳತೆ ಲೆಕ್ಕ ಹಾಕಬೇಕು. ಪ್ರತಿ ವರ್ಷ ರೋಹಿಣಿಗೆ ಮುಂಚೆ ಅದನ್ನು ಬಿಡಿಸುವ ಸರದಿ ಯಾರದೆಂಬುದನ್ನೂ ಆಗಲೇ ಮಾತಾಡಿಕೊಳ್ಳಬೇಕು.