ಸತ್ತ ಹಂದಿಯ ಲೆಕ್ಕ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಹಿಂಡಿನ ಸಾಂಕ್ರಾಮಿಕದ ನಿಯಂತ್ರಣ

ಸಾಕಿದ ಹಿಂಡಿಗೆ ಮದ್ದಿಲ್ಲದ ರೋಗ ತಗಲಿದಾಗ ಸರ್ಕಾರದ ಕೈಯಲ್ಲಿ ಉಳಿಯುವ ಸಾಧನಗಳು ಮೂರೇ: ಸಾಗಾಟಕ್ಕೆ ತಡೆ, ಹಿಂಡಿನ ಸಾಮೂಹಿಕ ವಧೆ, ಮಾಲೀಕನಿಗೆ ಪರಿಹಾರ. ಈ ಮೂರೂ ಕೆಲಸಕ್ಕೆ ಬರುವುದು ರೋಗ ಬಂದಿದೆಯೆಂಬ ಸುದ್ದಿ ಅಧಿಕಾರಿಗೆ ಮುಟ್ಟಿದ ಮೇಲೆ. ಆ ಸುದ್ದಿಯನ್ನು ಹೊತ್ತು ತರುವುದು ಗೂಡಿನಲ್ಲಿ ಸತ್ತು ಬಿದ್ದ ಮೊದಲ ಪ್ರಾಣಿ. ಅದನ್ನು ಮೊದಲು ಕಾಣುವವನು ಸಾಕಿದವನು. ನಮ್ಮ ಈಗಿನ ನಿಯಮಗಳಲ್ಲಿ ಸರ್ಕಾರ ಕೊಲ್ಲಿಸಿದ ಪ್ರಾಣಿಗೆ ಬೆಲೆಯಿದೆ, ರೋಗದಿಂದ ಸತ್ತ ಪ್ರಾಣಿಗೆ ಇಲ್ಲ. ದಕ್ಷಿಣ ಕನ್ನಡದ ಮೂರು ತಾಲೂಕುಗಳ ಹಂದಿ ಸಾಕಣೆಯನ್ನು ಮುಂದಿಟ್ಟುಕೊಂಡು, ಈ ಒಂದು ಕೊರತೆ ಇಡೀ ವ್ಯವಸ್ಥೆಯನ್ನು ಬುಡದಲ್ಲೇ ಹೇಗೆ ಸಡಿಲಗೊಳಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಿದ್ದೇನೆ.

ಜಿಂಕೆ ಹಿಂಡುಗಳ ಅನುಭವ

ಹೋಲಿಕೆಗೆ ಉತ್ತರ ಅಮೆರಿಕದ ಜಿಂಕೆ ಸಾಕಣೆಯನ್ನು ಆರಿಸಿಕೊಂಡಿದ್ದೇನೆ. ಅಲ್ಲಿ ಜಿಂಕೆ ಮತ್ತು ಎಲ್ಕ್‌ಗಳನ್ನು ಮಾಂಸಕ್ಕೆ, ಕೊಂಬಿಗೆ, ಬೇಲಿಯೊಳಗಿನ ಬೇಟೆಗೆ ಸಾಕುವ ಉದ್ಯಮವಿದೆ. 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರವೊಂದರ ಜಿಂಕೆಗಳು ಮೈಬತ್ತಿ ಸಾಯತೊಡಗಿದವು. ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ ಎಂಬ ಈ ರೋಗ ಹುಚ್ಚು ಹಸು ರೋಗದ ಕುಟುಂಬಕ್ಕೆ ಸೇರಿದ್ದೆಂದು 1978ರಲ್ಲಿ ಗುರುತಿಸಿದವರು ಪಶುವೈದ್ಯ ವಿಜ್ಞಾನಿ ಎಲಿಜಬೆತ್ ವಿಲಿಯಮ್ಸ್. ರೋಗಕಾರಕ ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ಮಡಿಕೆ ತಪ್ಪಿದ ಒಂದು ಪ್ರೋಟೀನು, ಪ್ರಿಯಾನ್. ಸೋಂಕು ತಗಲಿದ ಜಿಂಕೆ ವರ್ಷ ಕಳೆದರೂ ಆರೋಗ್ಯವಾಗಿಯೇ ಕಾಣಬಹುದು. ಅದರ ಜೊಲ್ಲು, ಮೂತ್ರ, ಹಿಕ್ಕೆಯಿಂದ ಮಣ್ಣು ಸೇರಿದ ಪ್ರಿಯಾನ್ ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕೆನಡಾದಿಂದ ತರಿಸಿಕೊಂಡ ಎಲ್ಕ್‌ಗಳ ಜೊತೆ ರೋಗ ದಕ್ಷಿಣ ಕೊರಿಯಾಕ್ಕೆ ಹೋಯಿತು. 2016ರಲ್ಲಿ ನಾರ್ವೆಯ ಕಾಡು ಹಿಮಸಾರಂಗದಲ್ಲಿ ಕಾಣಿಸಿಕೊಂಡಾಗ ಅಲ್ಲಿನ ಸರ್ಕಾರ ನೂರ್ದ್‌ಫ್ಯೆಲ್ಲಾ ಪ್ರದೇಶದ ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳನ್ನು ಕೊಲ್ಲಿಸಿತು.

ಲಸಿಕೆಯಿಲ್ಲ, ಚಿಕಿತ್ಸೆಯಿಲ್ಲ, ಬದುಕಿರುವ ಪ್ರಾಣಿಯ ಮೇಲೆ ಪೂರ್ತಿ ನೆಚ್ಚಬಹುದಾದ ಪರೀಕ್ಷೆಯೂ ಇಲ್ಲ. ಆದ್ದರಿಂದ ಅಮೆರಿಕದ ಕೃಷಿ ಇಲಾಖೆಯ ಹಿಂಡು ಪ್ರಮಾಣೀಕರಣ ಯೋಜನೆ ಸತ್ತ ಪ್ರಾಣಿಯನ್ನೇ ಆಧಾರವಾಗಿ ಇಟ್ಟುಕೊಂಡಿತು. ಯೋಜನೆಗೆ ಸೇರಿದ ಹಿಂಡಿನಲ್ಲಿ ಹನ್ನೆರಡು ತಿಂಗಳು ದಾಟಿದ ಯಾವ ಜಿಂಕೆ ಯಾವ ಕಾರಣಕ್ಕೆ ಸತ್ತರೂ ಅದರ ಮೆದುಳಿನ ಬುಡದ ಮತ್ತು ಗಂಟಲ ಹಿಂಭಾಗದ ದುಗ್ಧಗ್ರಂಥಿಯ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಪ್ರತಿ ಜಿಂಕೆಗೂ ಗುರುತಿನ ಬಿಲ್ಲೆ ಇರಬೇಕು, ವರ್ಷಕ್ಕೊಮ್ಮೆ ಹಿಂಡಿನ ಲೆಕ್ಕ ಒಪ್ಪಿಸಬೇಕು. ಐದು ವರ್ಷ ರೋಗದ ಸುಳಿವಿಲ್ಲದೆ ಕಳೆದರೆ ಹಿಂಡಿಗೆ ಪ್ರಮಾಣಪತ್ರ ಸಿಗುತ್ತದೆ, ಅದರೊಂದಿಗೆ ಬೇರೆ ರಾಜ್ಯಕ್ಕೆ ಜಿಂಕೆ ಸಾಗಿಸುವ ಹಕ್ಕೂ ಸಿಗುತ್ತದೆ. ಕೊಲ್ಲಬೇಕಾದ ಜಿಂಕೆಗೆ ಅಂದಾಜು ಬೆಲೆಯ ಶೇ. 95ರವರೆಗೆ, ಹೆಚ್ಚೆಂದರೆ 3,000 ಡಾಲರು ಪರಿಹಾರ. ಪ್ರಮಾಣಪತ್ರ ಪಡೆದ ಹಿಂಡುಗಳಲ್ಲೂ ಆಮೇಲೆ ರೋಗ ಸಿಕ್ಕಿದೆ. ಯೋಜನೆ ರೋಗವನ್ನು ತಡೆದು ನಿಲ್ಲಿಸಿದೆಯೆಂದು ಯಾರೂ ಹೇಳಲಾರರು. ಆದರೆ ಅಲ್ಲಿ ಸಾವನ್ನು ಮುಚ್ಚಿಡುವುದರಿಂದ ಸಾಕಿದವನಿಗೆ ನಷ್ಟ. ನಾವು ಕಲಿಯಬೇಕಾದ ಅಂಶ ಇದು.

ಭಾರತದಲ್ಲಿ ಈ ರೋಗ ವರದಿಯಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಜಿಂಕೆಯನ್ನು ಮಾಂಸಕ್ಕಾಗಿ ಸಾಕುವಂತೆಯೂ ಇಲ್ಲ. ನಮ್ಮ ಸೆರೆಯ ಜಿಂಕೆಗಳಿರುವುದು ಪಿಲಿಕುಳದ ಜೈವಿಕ ಉದ್ಯಾನದಂಥ ಕಡೆ. ಹಾಗೆಂದು ನೆಮ್ಮದಿಯಿಂದ ಇರಲಾಗದು. 2025ರ ನವೆಂಬರಿನಲ್ಲಿ ಬೆಳಗಾವಿ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳೊಳಗೆ ಮೂವತ್ತರಷ್ಟು ಕೃಷ್ಣಮೃಗಗಳು ಗಳಲೆ ರೋಗಕ್ಕೆ ಬಲಿಯಾದವು. ಪ್ರಾಣಿಗಳ ಸಾಂಕ್ರಾಮಿಕಗಳಿಗಾಗಿಯೇ ಮಾಡಿದ 2009ರ ಕೇಂದ್ರ ಕಾಯ್ದೆ ‘ಪ್ರಾಣಿ’ ಎಂಬುದರ ವ್ಯಾಖ್ಯೆಯಲ್ಲಿ ದನ, ಎಮ್ಮೆ, ಕುರಿ, ಆಡು, ಹಂದಿ, ನಾಯಿ, ಕೋಳಿ, ಜೇನುಹುಳವನ್ನೂ ಹೆಸರಿಸುತ್ತದೆ, ಜಿಂಕೆಯನ್ನು ಹೆಸರಿಸುವುದಿಲ್ಲ. ಬೇರೆ ಪ್ರಾಣಿಯನ್ನು ಅಧಿಸೂಚನೆಯ ಮೂಲಕ ಸೇರಿಸುವ ಅಧಿಕಾರ ಕೇಂದ್ರಕ್ಕಿದೆ.

ಹಂದಿ ಗೂಡಿನ ವಸ್ತುಸ್ಥಿತಿ

ಕರಾವಳಿಯಲ್ಲಿ ಇದೇ ಬಗೆಯ ನಿಯಂತ್ರಣದ ಪ್ರಶ್ನೆ ಎದ್ದದ್ದು ಹಂದಿಯ ವಿಷಯದಲ್ಲಿ. ಆಫ್ರಿಕನ್ ಹಂದಿ ಜ್ವರವನ್ನು ಕೀನ್ಯಾದಿಂದ 1921ರಲ್ಲಿ ಮೊದಲು ವಿವರಿಸಲಾಯಿತು. 2007ರಲ್ಲಿ ಜಾರ್ಜಿಯಾ ದೇಶಕ್ಕೆ, 2018ರಲ್ಲಿ ಚೀನಾಕ್ಕೆ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲಕ್ಕೆ ಅದು ಬಂತು. 2022ರ ಜುಲೈಯಲ್ಲಿ ವಯನಾಡು. ಅದೇ ವರ್ಷ ಕೊಡಗಿನ ಗಾಳಿಬೀಡು. ವರ್ಷದ ಕೊನೆಯ ಭಾಗದಲ್ಲಿ ಮಂಗಳೂರು ತಾಲೂಕಿನ ನೀರುಮಾರ್ಗ. 2023ರ ಜನವರಿಯಲ್ಲಿ ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಕಾಟುಕುಕ್ಕೆ. ನಕ್ಷೆಯ ಮೇಲೆ ಈ ಕೊನೆಯ ಎರಡು ಊರುಗಳನ್ನು ಗುರುತಿಸಿದರೆ ಬಂಟ್ವಾಳ ತಾಲೂಕು ಅವುಗಳ ನಡುವೆ ಸಿಕ್ಕಿಕೊಂಡಿರುವುದು ಕಾಣುತ್ತದೆ.

ಈ ವೈರಸ್ ಮನುಷ್ಯನಿಗೆ ತಗಲುವುದಿಲ್ಲ. ಹಂದಿಗೆ ತಗಲಿದರೆ ಉಳಿಯುವುದು ಅಪರೂಪ: ಜೋರು ಜ್ವರ, ಮೇವು ಬಿಡುವುದು, ಕಿವಿ ಮತ್ತು ಹೊಟ್ಟೆ ಕೆಂಪೇರುವುದು, ಕೆಲವೊಮ್ಮೆ ಯಾವ ಲಕ್ಷಣವೂ ಇಲ್ಲದೆ ಬೆಳಗಾಗುವಾಗ ಸತ್ತಿರುವುದು. ಸೋಂಕಿನಿಂದ ಲಕ್ಷಣದವರೆಗೆ 4ರಿಂದ 19 ದಿನ. ಹಳೆಯ ಹಂದಿ ಜ್ವರದಲ್ಲೂ (ಕ್ಲಾಸಿಕಲ್ ಸ್ವೈನ್ ಫೀವರ್) ಲಕ್ಷಣಗಳು ಹೀಗೇ ಇರುವುದರಿಂದ ಪ್ರಯೋಗಾಲಯದ ಪರೀಕ್ಷೆ ಇಲ್ಲದೆ ಯಾವುದು ಯಾವುದೆಂದು ಹೇಳಲಾಗದು. ಹಳೆಯದಕ್ಕೆ ಲಸಿಕೆಯಿದೆ, ಇದಕ್ಕೆ ನಮ್ಮಲ್ಲಿ ಬಳಕೆಗೆ ಒಪ್ಪಿದ ಲಸಿಕೆಯಿಲ್ಲ. ಹೆಪ್ಪುಗಟ್ಟಿಸಿದ ಮಾಂಸದಲ್ಲಿ ವೈರಸ್ ವರ್ಷಗಟ್ಟಲೆ ಜೀವಂತ ಇರಬಲ್ಲದು, ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ.

ಈ ಮೂರು ತಾಲೂಕುಗಳಲ್ಲಿ ಹಂದಿ ಸಾಕಣೆಯೆಂದರೆ ಹೆಚ್ಚಾಗಿ ಅಡಿಕೆ ತೋಟದ ಅಂಚಿನಲ್ಲಿ, ಸಿಮೆಂಟು ನೆಲದ ಗೂಡಿನಲ್ಲಿ, ಮನೆಮಂದಿಯೇ ನೋಡಿಕೊಳ್ಳುವ ಸಣ್ಣ ಹಿಂಡು. ಕ್ರೈಸ್ತ ಕೃಷಿಕ ಮನೆಗಳಲ್ಲಿ ಇದು ಹಳೆಯ ಕಸುಬು. ಮದುವೆ, ಕ್ರಿಸ್ಮಸ್, ಈಸ್ಟರಿನ ಊಟಕ್ಕೆ ಹಂದಿಮಾಂಸ ಬೇಕೇ ಬೇಕು. ಅದೇ ಗ್ರಾಮದಲ್ಲಿ ಹಂದಿರೂಪದ ದೈವ ಪಂಜುರ್ಲಿಯ ನೇಮಕ್ಕೆ ಕೈಮುಗಿದು ನಿಲ್ಲುವ ಮನೆಗಳೂ ಇವೆ. ಹಂದಿಗಳಿಗೆ ಹಾಕುವುದು ಬಹುಪಾಲು ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳ ಮುಸುರೆ. ಬಿ.ಸಿ. ರೋಡಿನ ಹೋಟೆಲುಗಳು, ಮೂಡುಬಿದಿರೆಯ ವಿದ್ಯಾರ್ಥಿನಿಲಯಗಳು ಇರುವ ಕಡೆ ಮುಸುರೆಗೆ ಬರವಿಲ್ಲ. ಅಪಾಯ ಇರುವುದೂ ಅದರಲ್ಲೇ. ಮಾಂಸ ಬೇಯಿಸದ ಅಡುಗೆಮನೆಯ ಉಳಿಕೆಯಿಂದ ಈ ವೈರಸ್ ಬರುವ ಸಂಭವ ಕಡಿಮೆ. ಹೊರಗಿನಿಂದ ತರಿಸಿದ ಹಂದಿಮಾಂಸದ ಎಲುಬು, ಚರ್ಮ ಸೇರಿದ ಮುಸುರೆ ಹಾಗಲ್ಲ. ಒಂದೇ ಡ್ರಮ್ಮು, ಒಂದೇ ಪಿಕಪ್ಪು ಹಲವು ಗೂಡುಗಳಿಗೆ ಓಡಾಡಿದರೆ ಕುದಿಸಿ ಹಾಕುವವನ ಶ್ರಮವೂ ವ್ಯರ್ಥ. ನಿಯಂತ್ರಣದ ಆದೇಶಗಳು ಹಂದಿ ಸಾಗಿಸುವ ವಾಹನವನ್ನು ತಡೆಯುತ್ತವೆ. ಮುಸುರೆಯ ವಾಹನದ ಮೇಲೂ ಅಷ್ಟೇ ಕಣ್ಣಿಡಬೇಕೆಂಬುದು ನನ್ನ ಅಭಿಪ್ರಾಯ.

ನಿಯಮ ಮತ್ತು ಪರಿಹಾರ

2020ರ ಜೂನಿನಲ್ಲಿ ಕೇಂದ್ರ ಹೊರಡಿಸಿದ ರಾಷ್ಟ್ರೀಯ ಕ್ರಿಯಾಯೋಜನೆಯ ಪ್ರಕಾರ ರೋಗ ಖಚಿತವಾದ ಗೂಡಿನ ಸುತ್ತ 1 ಕಿ.ಮೀ. ಸೋಂಕಿತ ವಲಯ, 10 ಕಿ.ಮೀ.ವರೆಗೆ ಕಣ್ಗಾವಲು ವಲಯ. ಸೋಂಕಿತ ವಲಯದ ಹಂದಿಗಳನ್ನೆಲ್ಲ ಕೊಂದು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಕೊಂದ ಹಂದಿಗೆ ತೂಕದ ಮೇಲೆ ಪರಿಹಾರ: 15 ಕೆ.ಜಿ.ವರೆಗಿನ ಮರಿಗೆ 2,200 ರೂಪಾಯಿ, 100 ಕೆ.ಜಿ. ಮೀರಿದ್ದಕ್ಕೆ 15,000 ರೂಪಾಯಿ. ಆದರೆ ಅಧಿಕಾರಿಗಳು ಬರುವ ಮೊದಲೇ ಸತ್ತ ಹಂದಿಗೆ ಏನೂ ಇಲ್ಲ.

ಇಪ್ಪತ್ತು ಹಂದಿಗಳ ಒಂದು ಗೂಡನ್ನು ಊಹಿಸಿಕೊಳ್ಳಿ. ಸೋಮವಾರ ಎರಡು ಸತ್ತವು. ಸಾಕಿದವರು ಅಂದೇ ಪಶುವೈದ್ಯರಿಗೆ ಹೇಳಿದರು. ವೈದ್ಯರು ಬಂದು ರಕ್ತ ಮತ್ತು ಗುಲ್ಮದ ಮಾದರಿ ತೆಗೆದರು. ಮಾದರಿ ಬೆಂಗಳೂರಿಗೆ ಹೋಗಬೇಕು. ಖಚಿತಪಡಿಸುವ ಕೆಲಸ ಭೋಪಾಲದ ರಾಷ್ಟ್ರೀಯ ಉನ್ನತ ಸುರಕ್ಷತಾ ಪ್ರಾಣಿರೋಗ ಸಂಸ್ಥೆಯದು. ಫಲಿತಾಂಶ ಬಂದು, ಜಿಲ್ಲಾಧಿಕಾರಿಯ ಆದೇಶ ಹೊರಟು, ತಂಡ ಗೂಡಿಗೆ ಬರುವಷ್ಟರಲ್ಲಿ ಇನ್ನೂ ಹತ್ತು ಸತ್ತಿದ್ದರೆ ಪರಿಹಾರ ಎಂಟಕ್ಕೆ ಮಾತ್ರ. ಮಾದರಿ ದಾರಿಯಲ್ಲಿದ್ದ ಪ್ರತಿ ದಿನದ ನಷ್ಟವೂ ಕಾನೂನನ್ನು ಪಾಲಿಸಿದವರ ತಲೆಯ ಮೇಲೆ ಬಿತ್ತು. ಅವರೇ ಸೋಮವಾರ ಸುಮ್ಮನಿದ್ದು, ಇನ್ನೂ ನಿಂತಿದ್ದ ಹದಿನೆಂಟನ್ನು ಅಂದೇ ಮಾರಿದ್ದರೆ ಕೈಗೆ ನಗದು ಬರುತ್ತಿತ್ತು. ರೋಗ ಆ ಮಾಂಸದ ಜೊತೆ ಹಲವು ಅಡುಗೆಮನೆಗಳಿಗೆ, ಅಲ್ಲಿಂದ ಮುಸುರೆಯ ಡ್ರಮ್ಮಿಗೆ, ಮತ್ತೆ ಗೂಡಿಗೆ ಹೋಗುತ್ತಿತ್ತು. 2009ರ ಕಾಯ್ದೆಯ 4ನೆಯ ಕಲಮು ರೋಗದ ಶಂಕೆಯನ್ನು ವರದಿ ಮಾಡುವುದನ್ನು ಮಾಲೀಕನ ಕರ್ತವ್ಯವಾಗಿಸಿದೆ. ಮೊದಲ ಸಲ ತಪ್ಪಿದರೆ ದಂಡ ಸಾವಿರ ರೂಪಾಯಿವರೆಗೆ. ಒಂದು ಮರಿಯ ಬೆಲೆಗಿಂತಲೂ ಕಡಿಮೆಯಾದ ಈ ದಂಡಕ್ಕೆ ಯಾರೂ ಹೆದರುವುದಿಲ್ಲ. ಅದನ್ನು ಹತ್ತುಪಟ್ಟು ಮಾಡಿದರೂ ಬಡ ಸಾಕಣೆಗಾರನನ್ನು ಇನ್ನಷ್ಟು ಅಡಗಿಸುವುದೇ ಹೊರತು ಬಾಯಿ ಬಿಡಿಸುವುದಿಲ್ಲ.

ಅಡಗುವುದಕ್ಕೆ ಬೇರೆ ಕಾರಣವೂ ಇದೆ. ಹಂದಿ ಗೂಡಿನ ವಾಸನೆಯ ಬಗ್ಗೆ ನೆರೆಯವರ ತಕರಾರು ಪಂಚಾಯತಿಗೆ ಹೋಗುವುದು ಸಾಮಾನ್ಯ. ಪರವಾನಗಿಯಿಲ್ಲದೆ ನಾಲ್ಕು ಹಂದಿ ಸಾಕುವವರಿಗೆ, ಸತ್ತ ಹಂದಿಯ ಸುದ್ದಿ ಹೇಳಿದರೆ ಗೂಡೇ ಮುಚ್ಚಿಹೋದೀತೆಂಬ ಭಯ. ರೋಗದ ವರದಿಯನ್ನು ಪರವಾನಗಿಯ ವಿಚಾರಣೆಗೆ ಬಳಸುವುದಿಲ್ಲವೆಂದು ಪಂಚಾಯತು ಬರೆದು ಕೊಡದಿದ್ದರೆ ಈ ಭಯ ಹೋಗದು.

ಮಂಗನ ಕಾಯಿಲೆ ಕಲಿಸಿದ್ದು

ಸತ್ತ ಪ್ರಾಣಿಯ ಸುದ್ದಿಯನ್ನು ಊರವರೇ ತಲುಪಿಸುವ ಪದ್ಧತಿ ಬೆಳ್ತಂಗಡಿಗೆ ಹೊಸತಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 1982–83ರಲ್ಲಿ ಬೆಳ್ತಂಗಡಿಯ ಪಟ್ರಮೆ, ನಿಡ್ಲೆ ಸುತ್ತಮುತ್ತ ಕಾಣಿಸಿಕೊಂಡು ಸಾವಿರಕ್ಕೂ ಹೆಚ್ಚು ಜನರನ್ನು ಮಲಗಿಸಿತು. ಗೇರು ನೆಡುವುದಕ್ಕೆ ಕಾಡು ಸವರಿದ್ದಕ್ಕೂ ಆ ಹಾವಳಿಗೂ ಸಂಶೋಧಕರು ಸಂಬಂಧ ಕಂಡಿದ್ದಾರೆ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಆ ಜಾಗದಲ್ಲಿ ಸೋಂಕನ್ನು ಹರಡುತ್ತವೆ. ಆದ್ದರಿಂದ ಕಾಡಿನಲ್ಲಿ ಮಂಗ ಸತ್ತದ್ದು ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಅಲ್ಲಿ ಉಣುಗುನಾಶಕ ಸಿಂಪಡಿಸುವುದು, ಆ ಕಡೆ ಸೌದೆ, ತರಗೆಲೆಗೆ ಹೋಗದಂತೆ ಸಾರುವುದು ಮಲೆನಾಡಿನ ಪದ್ಧತಿಯಾಯಿತು. ಮಂಗ ಯಾರ ಸ್ವತ್ತೂ ಅಲ್ಲ. ಅದರ ಸಾವು ಹೇಳಿದವರಿಗೆ ಕಳೆದುಕೊಳ್ಳುವುದೇನೂ ಇಲ್ಲ. ಹಂದಿಯ ವಿಷಯದಲ್ಲೂ ಹೇಳಿದವರಿಗೆ ನಷ್ಟವಾಗದಂತೆ ಮಾಡಿದರೆ ಇಲ್ಲಿನ ಜನ ಹೇಳುತ್ತಾರೆಂದು ನಂಬಲು ಈ ಚರಿತ್ರೆ ಸಾಕು.

ಕಾಡು ಬೆಳ್ತಂಗಡಿಯಲ್ಲಿ ಇನ್ನೊಂದು ಕಾರಣಕ್ಕೂ ಮುಖ್ಯ. 2023ರ ಜನವರಿಯಲ್ಲಿ ಮುದುಮಲೆಯ ಕಾಡುಹಂದಿಗಳು ಇದೇ ಜ್ವರಕ್ಕೆ ಬಲಿಯಾದವು. ಚಾರ್ಮಾಡಿ, ಶಿಶಿಲ, ನಾರಾವಿ ಕಡೆ ಕಾಡುಹಂದಿ ರಾತ್ರಿ ತೋಟಕ್ಕೆ ಇಳಿಯುವುದು ದಿನದ ಮಾತು. ಹೊರಗೆ ಎಸೆದ ಸತ್ತ ಹಂದಿಯನ್ನು ಅದು ತಿಂದರೆ ರೋಗ ಕುದುರೆಮುಖದ ಕಾಡು ಸೇರುತ್ತದೆ. ಅಲ್ಲಿ ಕೊಂದು ಮುಗಿಸುವ ಮಾತೇ ಇಲ್ಲ. ವನ್ಯಜೀವಿ ಕಾಯ್ದೆಯ 33ಎ ಕಲಮು ಅಭಯಾರಣ್ಯದಿಂದ 5 ಕಿ.ಮೀ. ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸುವ ಹೊಣೆಯನ್ನು ಅರಣ್ಯ ಇಲಾಖೆಯ ಮೇಲೆ ಹೊರಿಸಿದೆ, ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನಕ್ಕೂ ಅದು ಅನ್ವಯಿಸುತ್ತದೆ. ಲಸಿಕೆಯೇ ಇಲ್ಲದ ರೋಗಕ್ಕೆ ಆ ಕಲಮಿನಿಂದ ಪ್ರಯೋಜನವಿಲ್ಲ. ಆ 5 ಕಿ.ಮೀ. ಪಟ್ಟಿಯ ಗೂಡುಗಳಿಗೆ ಗಟ್ಟಿ ಬೇಲಿ ಕಟ್ಟಿಸಲು ಅದೇ ಇಲಾಖೆ ನೆರವು ಕೊಟ್ಟರೆ ಕಲಮಿನ ಆಶಯ ಬೇರೊಂದು ರೀತಿಯಲ್ಲಿ ನೆರವೇರುತ್ತದೆ.

ಹೂಳುವುದೂ ನಮ್ಮ ನೆಲದಲ್ಲಿ ಸುಲಭವಲ್ಲ. ಮುರಕಲ್ಲಿನ ದಿಣ್ಣೆಯಲ್ಲಿ ಆಳು ಹಚ್ಚಿ ಆರಡಿ ಅಗೆಯಲಾಗದು, ಜೆಸಿಬಿಯೇ ಬೇಕು. ಬಯಲಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಗುಂಡಿ ತೋಡಿದರೆ ನೀರು ಬರುತ್ತದೆ. ಆಗ ಸತ್ತ ಹಂದಿ ತೋಡಿಗೆ ಬೀಳುವ ಅಪಾಯ ಹೆಚ್ಚು. ಬೆಳ್ತಂಗಡಿ, ಬಂಟ್ವಾಳದ ತೋಡುಗಳು ಹೆಚ್ಚಿನವು ನೇತ್ರಾವತಿ ಸೇರುತ್ತವೆ, ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟು ಅದೇ ಹೊಳೆಯಲ್ಲಿದೆ. ಪಂಚಾಯತಿಗೊಂದು ಎತ್ತರದ ಜಾಗವನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳುವುದಕ್ಕೆ ಹೊಸ ಕಾನೂನು ಬೇಡ.

ಬೇಕಾದ ತಿದ್ದುಪಡಿ

ಮುಖ್ಯ ಬದಲಾವಣೆ ಪರಿಹಾರದ ಆದೇಶದಲ್ಲಿ ಆಗಬೇಕು. 1962 ಸಹಾಯವಾಣಿಗೋ ಪಶು ಆಸ್ಪತ್ರೆಗೋ ವರದಿ ಬಂದ ದಿನ ಮತ್ತು ಗಂಟೆಯನ್ನು ದಾಖಲಿಸಿ, ಮಾದರಿ ತೆಗೆಯುವಾಗ ಗೂಡಿನಲ್ಲಿದ್ದ ಸತ್ತ, ಬದುಕಿದ ಎಲ್ಲ ಹಂದಿಗಳ ಲೆಕ್ಕವನ್ನು ಪಶುವೈದ್ಯರು ಬರೆದುಕೊಳ್ಳಬೇಕು. ರೋಗ ಖಚಿತವಾದರೆ ಆ ಲೆಕ್ಕದ ಎಲ್ಲಕ್ಕೂ ಪರಿಹಾರ ಸಲ್ಲಬೇಕು. ಜಿಂಕೆಗೆ ಹಾಕುವ ಹಾಗೆ ಪ್ರತಿ ಹಂದಿಗೂ ಕಿವಿಗೆ ಬಿಲ್ಲೆ ಇದ್ದರೆ, ಪಕ್ಕದ ಗೂಡಿನ ಸತ್ತ ಹಂದಿಯನ್ನು ತಂದಿಟ್ಟು ಹಣ ಕೇಳುವ ದಾರಿ ಮುಚ್ಚುತ್ತದೆ. ದನಗಳಿಗೆ ಹನ್ನೆರಡು ಅಂಕಿಯ ಬಿಲ್ಲೆ ಹಾಕುವ ವ್ಯವಸ್ಥೆ ಇಲಾಖೆಯಲ್ಲಿ ಈಗಾಗಲೇ ಇದೆ, ಹಂದಿಗೂ ಅದನ್ನು ನಿಯತವಾಗಿ ಬಳಸಬೇಕು.

ಗಡಿಯ ವಿಷಯವೊಂದು ಉಳಿಯುತ್ತದೆ. ಕಾಟುಕುಕ್ಕೆಯ ಸುತ್ತ 10 ಕಿ.ಮೀ. ವರ್ತುಲ ಎಳೆದರೆ ಅದು ರಾಜ್ಯದ ಗಡಿ ದಾಟಿ ನಮ್ಮ ಜಿಲ್ಲೆಯೊಳಗೆ ಬರುತ್ತದೆ. ಕಾಸರಗೋಡಿನ ಜಿಲ್ಲಾಧಿಕಾರಿಯ ಆದೇಶ ಗಡಿಯಲ್ಲೇ ನಿಲ್ಲುತ್ತದೆ. ಗಡಿಯಾಚೆಯ ಪೆರ್ಲದಿಂದ ಬಂಟ್ವಾಳ ತಾಲೂಕಿನ ವಿಟ್ಲಕ್ಕೆ ದಿನವೂ ಜನ, ಸಾಮಾನು, ಪ್ರಾಣಿ ಓಡಾಡುವ ಒಳರಸ್ತೆಗಳು ಹಲವಿವೆ. ಎರಡೂ ಜಿಲ್ಲೆಗಳ ಪಶುಸಂಗೋಪನಾ ಇಲಾಖೆಗಳು ಶಂಕಿತ ಪ್ರಕರಣವನ್ನು, ಭೋಪಾಲದ ಫಲಿತಾಂಶಕ್ಕೆ ಕಾಯದೆ, ಮಾದರಿ ತೆಗೆದ ದಿನವೇ ಒಬ್ಬರಿಗೊಬ್ಬರು ತಿಳಿಸುವ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಅಂಥ ಸೂಚನೆ ಬಂದ ದಿನವೇ ವಿಟ್ಲ ಹೋಬಳಿಯ ಗೂಡುಗಳಲ್ಲಿ ಸತ್ತ ಹಂದಿಗಳ ಎಣಿಕೆ ಶುರುವಾಗಬೇಕು.