ಗೋಧಿಯ ರೂಪಾಯಿ ಮತ್ತು ಅಮೆರಿಕದ ಭಾರತಾಧ್ಯಯನ

ವಿದ್ವದ್ಗ್ರಂಥಗಳ ಮುನ್ನುಡಿಯ ಕೊನೆಯಲ್ಲಿ ಒಂದು ಚಿಕ್ಕ ಕಂಡಿಕೆ ಇರುತ್ತದೆ. ಇಂತಹ ಪ್ರತಿಷ್ಠಾನದ ವಿದ್ಯಾವೇತನದಿಂದ ಪ್ರವಾಸ ಸಾಧ್ಯವಾಯಿತು, ಇಂತಹ ವಿಶ್ವವಿದ್ಯಾಲಯವು ಒಂದು ವರ್ಷದ ರಜೆಯನ್ನಿತ್ತು ಉಪಕರಿಸಿತು ಎಂಬ ಕೃತಜ್ಞತೆಯ ಮಾತುಗಳು ಅಲ್ಲಿರುತ್ತವೆ. ಓದುಗನು ಅದನ್ನು ದಾಟಿ ಮೊದಲ ಅಧ್ಯಾಯಕ್ಕೆ ಹೋಗುತ್ತಾನೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ನಾಡುನುಡಿಗಳ ವಿಷಯವಾಗಿ ಹೊರದೇಶದಲ್ಲಿ ಏನು ಬರೆಯಲ್ಪಟ್ಟಿತು, ಏನು ಬರೆಯಲ್ಪಡಲಿಲ್ಲ ಎಂಬುದನ್ನು ತಿಳಿಯಬೇಕಾದರೆ ಈ ಕಂಡಿಕೆಗಳನ್ನೇ ಮೊದಲು ಓದಬೇಕು. ಪ್ರವಾಸದ ಹಣ ಎಲ್ಲಿಂದ ಬಂದಿತು, ಎಲ್ಲಿ ಮಾತ್ರ ಖರ್ಚಾಗಬಹುದಾಗಿತ್ತು ಎಂಬುದು ವಿದ್ವತ್ತಿನ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸಿತು.

ಎರಡನೆಯ ಮಹಾಯುದ್ಧಕ್ಕೆ ಹಿಂದೆ ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ಭಾರತಾಧ್ಯಯನವೆಂದರೆ ಬಹುತೇಕ ಸಂಸ್ಕೃತಾಧ್ಯಯನವೇ. ಅದಕ್ಕೆ ಬೇಕಾದದ್ದು ಹಸ್ತಪ್ರತಿ, ಕೋಶ, ವ್ಯಾಕರಣ, ಹಡಗಿನ ಚೀಟಿಯಲ್ಲ. ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಅದರಿಂದ ಆತನ ಕೀರ್ತಿಗೆ ಕುಂದೂ ಬರಲಿಲ್ಲ. ಅಪವಾದಗಳಿದ್ದವು. ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸಪೀರರಿಂದ ಪ್ರೇರಣೆ ಪಡೆದ ಎಂ. ಬಿ. ಎಮೆನೊ ಅವರು 1935ರಿಂದ 1938ರವರೆಗೆ ಭಾರತದಲ್ಲಿದ್ದು, ನೀಲಗಿರಿಯ ತೊದ, ಕೋತ ಜನರ ನುಡಿಗಳನ್ನೂ ಕೊಡವ ನುಡಿಯನ್ನೂ ಅಭ್ಯಾಸ ಮಾಡಿದರು. ಮುಂದೆ ಟಿ. ಬರೋ ಅವರೊಡನೆ ರಚಿಸಿ 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ನಿಷ್ಪತ್ತಿಕೋಶದ ಹಿಂದೆ ಆ ಮೂರು ವರ್ಷಗಳ ಅಲೆದಾಟವಿದೆ.

ಈ ಸ್ಥಿತಿಯನ್ನು ಬದಲಾಯಿಸಲು ಹಟ ಹಿಡಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಸ್ಕೃತ ಪ್ರಾಧ್ಯಾಪಕರಾದ ಡಬ್ಲ್ಯು. ನಾರ್ಮನ್ ಬ್ರೌನ್. ಪಾದ್ರಿಯ ಮಗನಾಗಿ ಬಾಲ್ಯದ ಕೆಲವು ವರ್ಷಗಳನ್ನು ಭಾರತದಲ್ಲಿ ಕಳೆದಿದ್ದ ಇವರು, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಭಾರತದ ಅಧ್ಯಯನ ಎಷ್ಟು ಕೃಶವಾಗಿದೆಯೆಂಬುದನ್ನು 1939ರಲ್ಲಿಯೇ ಒಂದು ವರದಿಯ ಮೂಲಕ ತೋರಿಸಿಕೊಟ್ಟಿದ್ದರು. ವರದಿಗೆ ಒಡನೆಯೇ ಫಲ ಸಿಗಲಿಲ್ಲ. ಯುದ್ಧ ಬಂದಿತು, ಪ್ರಾಧ್ಯಾಪಕರನ್ನು ಸರ್ಕಾರವು ಗುಪ್ತಮಾಹಿತಿ ಇಲಾಖೆಯ ಭಾರತವಿಭಾಗಕ್ಕೆ ಕರೆಸಿಕೊಂಡಿತು. ಏಷ್ಯಾ ಖಂಡದ ಭಾಷೆಗಳನ್ನು ಬಲ್ಲವರು ದೇಶದಲ್ಲಿ ಬೆರಳೆಣಿಕೆಯಷ್ಟೆಂಬುದು ಆಗ ಅಮೆರಿಕದ ಅಧಿಕಾರಿಗಳಿಗೆ ಮನವರಿಕೆಯಾಯಿತು. 1948ರ ವೇಳೆಗೆ ಪೆನ್ಸಿಲ್ವೇನಿಯಾದಲ್ಲಿ ದಕ್ಷಿಣ ಏಷ್ಯಾದ ಅಧ್ಯಯನಕ್ಕೇ ಮೀಸಲಾದ ವಿಭಾಗವೊಂದು ಬ್ರೌನರ ನೇತೃತ್ವದಲ್ಲಿ ತಲೆಯೆತ್ತಿತು. ವಿಭಾಗವೇನೋ ಆಯಿತು, ಅದರ ಅಧ್ಯಾಪಕರು ಭಾರತಕ್ಕೆ ಬಂದು ಇರಬೇಕಾದರೆ ಹಣವೆಲ್ಲಿ?

ಇದೇ 1948ರಲ್ಲಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ಈ ಪ್ರಶ್ನೆಗೆ ಸರಳವಾದ ಉತ್ತರವೊಂದನ್ನು ಕಂಡುಕೊಂಡಿತ್ತು. ಮೈಸೂರಿನ ಎಂ. ಎನ್. ಶ್ರೀನಿವಾಸ್ ಅವರನ್ನು ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕರನ್ನಾಗಿ ನೇಮಿಸಿದ ಆಕ್ಸ್‌ಫರ್ಡ್, ಮೊದಲನೆಯ ವರ್ಷವನ್ನು ಪಾಠಕ್ಕೆ ಬಳಸದೆ ಕ್ಷೇತ್ರಕಾರ್ಯಕ್ಕೆ ಬಿಟ್ಟುಕೊಟ್ಟಿತು. ಶ್ರೀನಿವಾಸರು ಮೈಸೂರಿನ ಸಮೀಪದ ಗ್ರಾಮವೊಂದರಲ್ಲಿ ನೆಲೆಸಿದರು. ತಮ್ಮ ಬರಹಗಳಲ್ಲಿ ಅದನ್ನು ರಾಂಪುರವೆಂದು ಕರೆದರು. ಹೊಸದಾಗಿ ಸೇರಿದ ಅಧ್ಯಾಪಕನಿಗೆ ಒಂದು ವರ್ಷದ ಬಿಡುವನ್ನು ಕೊಟ್ಟದ್ದು ವಿಶ್ವವಿದ್ಯಾಲಯದ ಲೆಕ್ಕದ ಪುಸ್ತಕದಲ್ಲಿ ಅಲ್ಪ ಬಾಬು. ಆದರೆ ಒಕ್ಕಲು ಜಾತಿಯ ಪ್ರಾಬಲ್ಯವನ್ನು ಕುರಿತ ಅವರ ವಿಚಾರಗಳು ಆ ಊರಿನ ಜಗಲಿಗಳ ಮೇಲೆಯೇ ಹುಟ್ಟಿದವು.

ಅಮೆರಿಕದ ಉತ್ತರ ಬೇರೆ ಬಗೆಯದಾಯಿತು; ಅದು ವಿದ್ಯಾಮಂದಿರದಲ್ಲಿ ಹುಟ್ಟಲಿಲ್ಲ, ಉಗ್ರಾಣದಲ್ಲಿ ಹುಟ್ಟಿತು. ಯುದ್ಧ ಮುಗಿದ ಮೇಲೆ ಹೊರದೇಶಗಳಲ್ಲಿ ಉಳಿದಿದ್ದ ಸೈನ್ಯದ ಸಾಮಗ್ರಿಯನ್ನು ಅಮೆರಿಕ ಅಲ್ಲಲ್ಲಿಯೇ ಮಾರಿತು. ಬಂದ ಹಣ ಆಯಾ ದೇಶದ ನಾಣ್ಯದಲ್ಲಿತ್ತು. ಅದನ್ನು ಡಾಲರಿಗೆ ಬದಲಾಯಿಸಿ ಒಯ್ಯುವಂತಿರಲಿಲ್ಲ. ಅದನ್ನು ವಿದ್ವಾಂಸರ ವಿನಿಮಯಕ್ಕೆ ಬಳಸಬಹುದೆಂಬ ಸೆನೆಟರ್ ಫುಲ್‌ಬ್ರೈಟರ ಸೂಚನೆ 1946ರಲ್ಲಿ ಕಾನೂನಾಯಿತು. ಭಾರತದೊಡನೆ ಈ ಬಗೆಗೆ 1950ರ ಫೆಬ್ರವರಿ 2ರಂದು ಒಪ್ಪಂದವಾಯಿತು. ಒಯ್ಯಲಾಗದ ಹಣವನ್ನು ಇದ್ದಲ್ಲಿಯೇ ವೆಚ್ಚಮಾಡಬೇಕು. ವೆಚ್ಚಮಾಡಲು ಮನುಷ್ಯನೇ ಅಲ್ಲಿಗೆ ಹೋಗಬೇಕು. ಮುಂದಿನ ಕಾಲು ಶತಮಾನದ ಭಾರತಾಧ್ಯಯನದ ಗುಟ್ಟು ಈ ಎರಡು ಮಾತುಗಳಲ್ಲಿದೆ.

ಯುದ್ಧದ ಸಾಮಗ್ರಿ ಎಂದಾದರೊಂದು ದಿನ ತೀರಿಹೋಗುವಂಥದು. ಆದರೆ 1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರರು ಸಹಿ ಹಾಕಿದ ಪಬ್ಲಿಕ್ ಲಾ 480 ಈ ಹಣದ ಹೊಳೆಯನ್ನು ಹಿಗ್ಗಿಸಿತು. ಅಮೆರಿಕದ ರೈತರು ಬೆಳೆದು ಉಳಿದ ಧಾನ್ಯವನ್ನು ಹೊರದೇಶಗಳಿಗೆ ಅಲ್ಲಿಯ ನಾಣ್ಯಕ್ಕೇ ಮಾರಬಹುದೆಂದು ಈ ಕಾನೂನು ವಿಧಿಸಿತು. ಭಾರತದೊಡನೆ ಮೊದಲ ದೊಡ್ಡ ಒಪ್ಪಂದ 1956ರ ಆಗಸ್ಟಿನಲ್ಲಾಯಿತು. ಪಡಿತರದ ಅಂಗಡಿಯಲ್ಲಿ ಸಾಲುನಿಂತು ಅಮೆರಿಕದ ಗೋಧಿಯನ್ನು ತಂದವರು ಮುಂಬಯಿ, ಪುಣೆಗಳ ಕನ್ನಡಿಗರಲ್ಲಿ ಇನ್ನೂ ಇದ್ದಾರೆ. ಆ ಧಾನ್ಯದ ಬೆಲೆ ಅಮೆರಿಕ ಸರ್ಕಾರದ ಹೆಸರಿನಲ್ಲಿ ಭಾರತದಲ್ಲಿಯೇ ಜಮೆಯಾಯಿತು. ಅದರ ಬಹುಭಾಗ ಭಾರತದ ಯೋಜನೆಗಳಿಗೇ ಸಾಲವಾಗಿಯೂ ಸಹಾಯವಾಗಿಯೂ ಹಿಂದಿರುಗಿತೆಂಬುದನ್ನು ಮರೆಯಬಾರದು. ಅಮೆರಿಕ ತನ್ನ ಸ್ವಂತ ಉಪಯೋಗಕ್ಕೆಂದು ಉಳಿಸಿಕೊಂಡದ್ದು ಒಂದು ಪಾಲು. ವಿದ್ವತ್ತಿಗೆ ಬಂದದ್ದು ಆ ಪಾಲಿನಲ್ಲೊಂದು ಚೂರು. ಹೊಳೆ ದೊಡ್ಡದಾದ್ದರಿಂದ ಚೂರೂ ಸಣ್ಣದಾಗಿರಲಿಲ್ಲ.

ಇಷ್ಟರಲ್ಲಿ ಪುಣೆಯಲ್ಲಿ ಒಂದು ನೆಲೆ ಸಿದ್ಧವಾಗಿತ್ತು. 1939ರಲ್ಲಿ ಸಂಶೋಧನಾಲಯವಾಗಿ ಪುನಃ ಬಾಗಿಲು ತೆರೆದಿದ್ದ ಯರವಡೆಯ ಡೆಕ್ಕನ್ ಕಾಲೇಜಿನಲ್ಲಿ, ಎಸ್. ಎಂ. ಕತ್ರೆ ಅವರ ಆಡಳಿತದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಭಾಷಾವಿಜ್ಞಾನದ ಶಿಬಿರಗಳು ನಡೆಯತೊಡಗಿದವು. ಇದು ಗೋಧಿಯ ಹಣವಲ್ಲ, ಡಾಲರಿನ ದಾನ. ರಾಕ್‌ಫೆಲರ್ ವೇತನ ಪಡೆದು ಬಂದ ವಿಲಿಯಂ ಬ್ರೈಟ್ ಅವರು 1955ರಿಂದ 1957ರವರೆಗೆ ಇದ್ದು ಆಡುಗನ್ನಡವನ್ನು ಕುರಿತು ಬರೆದ ಗ್ರಂಥವನ್ನು 1958ರಲ್ಲಿ ಡೆಕ್ಕನ್ ಕಾಲೇಜೇ ಪ್ರಕಟಿಸಿತು. ನಮ್ಮ ಪಂಡಿತರು ಹಳಗನ್ನಡದ ರೂಪಗಳನ್ನು ಚರ್ಚಿಸುತ್ತಿದ್ದಾಗ, ಬೆಂಗಳೂರಿನವನು ಮನೆಯಲ್ಲಿ ಹೇಗೆ ಮಾತನಾಡುತ್ತಾನೆಂಬುದನ್ನು ಹೊರಗಿನವನೊಬ್ಬ ಬರೆದುಕೊಂಡ. ಬ್ರಾಹ್ಮಣರ ಮತ್ತು ಬ್ರಾಹ್ಮಣೇತರರ ನುಡಿಯ ಭೇದವನ್ನು ಕುರಿತು ಅವರು ಮುಂದೆ ಬರೆದ ಪ್ರಬಂಧಗಳಿಂದ, ಸಮಾಜ ಮತ್ತು ಭಾಷೆಗಳ ಸಂಬಂಧವನ್ನು ವಿಚಾರಿಸುವ ಶಾಸ್ತ್ರದ ಆರಂಭಕಾಲದಲ್ಲಿಯೇ ಕನ್ನಡವು ಒಂದು ನಿದರ್ಶನವಾಗಿ ನಿಂತಿತು. ಈ ಕೆಲಸ ಮೈಸೂರು ಧಾರವಾಡಗಳಲ್ಲಿ ನೆಲೆಗೊಳ್ಳದೆ ಪುಣೆಯಲ್ಲಿ ನೆಲೆಗೊಂಡದ್ದು ಹಣ ಮತ್ತು ಕತ್ರೆಯವರ ದೂರದೃಷ್ಟಿ ಒಂದೆಡೆ ಕೂಡಿದ್ದರ ಫಲ. ಎಚ್. ಎಸ್. ಬಿಳಿಗಿರಿ, ಡಿ. ಎನ್. ಶಂಕರ ಭಟ್ಟರಂತಹ ಕನ್ನಡ ಭಾಷಾವಿಜ್ಞಾನಿಗಳ ಹೆಸರುಗಳು ಈ ಕಾಲೇಜಿನೊಡನೆ ಕೂಡಿಕೊಂಡಿವೆ.

ಬೆಳಗಾವಿ, ಬರೋಡಗಳಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಎ. ಕೆ. ರಾಮಾನುಜನ್ ಅವರೂ 1958ರಲ್ಲಿ ಇಲ್ಲಿಯೇ ಭಾಷಾವಿಜ್ಞಾನದ ಡಿಪ್ಲೊಮಾ ಪಡೆದರು. ಮರುವರ್ಷ ಅವರು ಅಮೆರಿಕಕ್ಕೆ ಹೊರಟಾಗ ವೇತನದ ರಚನೆಯಲ್ಲಿಯೇ ಒಂದು ಅಸಮತೆ ಕಾಣುತ್ತದೆ. ಫುಲ್‌ಬ್ರೈಟ್ ನಿಧಿಯ ರೂಪಾಯಿಯಿಂದ ಭಾರತೀಯನಿಗೆ ಪ್ರಯಾಣದ ಚೀಟಿಯನ್ನು ಕೊಳ್ಳಬಹುದಾಗಿತ್ತು. ಅಲ್ಲಿ ಇಳಿದ ಮೇಲೆ ಊಟ, ವಸತಿ, ಶುಲ್ಕಗಳಿಗೆ ಡಾಲರೇ ಬೇಕು, ಅದಕ್ಕೆ ಸ್ಮಿತ್-ಮುಂಟ್ ಕಾನೂನಿನ ಬೇರೆ ವೇತನ ದೊರೆಯಬೇಕು. ಅಮೆರಿಕದ ಪ್ರಾಧ್ಯಾಪಕನಿಗಾದರೋ ಇಲ್ಲಿಯ ಇಡೀ ವರ್ಷವನ್ನು ಆ ರೂಪಾಯಿಯೇ ಸಾಕುತ್ತಿತ್ತು. ರಾಮಾನುಜನ್ನರಿಗೆ ಎರಡೂ ದೊರೆತವು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕನ್ನಡ ವ್ಯಾಕರಣವನ್ನೇ ವಿಷಯವಾಗಿಟ್ಟುಕೊಂಡು 1963ರಲ್ಲಿ ಡಾಕ್ಟರೇಟ್ ಪಡೆದ ಅವರು, ಅದಕ್ಕೆ ಮೊದಲೇ ಶಿಕಾಗೋ ವಿಶ್ವವಿದ್ಯಾಲಯವನ್ನು ಸೇರಿದ್ದರು. ವಚನಗಳ ಇಂಗ್ಲಿಷ್ ಅನುವಾದ 1973ರಲ್ಲಿಯೂ ‘ಸಂಸ್ಕಾರ’ದ ಅನುವಾದ 1976ರಲ್ಲಿಯೂ ಹೊರಬಂದವು. ಎರಡರಲ್ಲಿ ಒಂದು ವೇತನ ತಪ್ಪಿದ್ದ ಎಷ್ಟು ಜನ ಕನ್ನಡ ಅಧ್ಯಾಪಕರು ಬರೋಡಕ್ಕೋ ಬೆಳಗಾವಿಗೋ ಹಿಂದಿರುಗಿದ್ದಿರಬಹುದು! ಆ ಲೆಕ್ಕವನ್ನು ಯಾವ ಮುನ್ನುಡಿಯೂ ಕೊಡುವುದಿಲ್ಲ.

1957ರ ಅಕ್ಟೋಬರಿನಲ್ಲಿ ರಷ್ಯ ಆಕಾಶಕ್ಕೆ ಸ್ಪುಟ್ನಿಕ್ ಹಾರಿಸಿದ್ದರಿಂದ ಅಮೆರಿಕದಲ್ಲಿ ಕನ್ನಡಕ್ಕೂ ಪ್ರಯೋಜನವಾಯಿತೆಂದರೆ ವಿಚಿತ್ರವಾಗಿ ತೋರಬಹುದು. ಮರುವರ್ಷ ಅಲ್ಲಿ ಆದ ರಾಷ್ಟ್ರರಕ್ಷಣಾ ಶಿಕ್ಷಣ ಕಾನೂನಿನ ಆರನೆಯ ಭಾಗ, ಅಪರೂಪದ ಭಾಷೆಗಳ ಬೋಧನೆಗೆ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳನ್ನು ಏರ್ಪಡಿಸಿತು. ಮೊದಲ ಪಂಕ್ತಿಯ ಆರು ಭಾಷೆಗಳಲ್ಲಿ ಭಾರತದಿಂದ ಹಿಂದಿ-ಉರ್ದು ಮಾತ್ರ ಇತ್ತು. ಕನ್ನಡಕ್ಕೆ ದೊರೆತದ್ದು ಹಿಂದಿನ ಸಾಲು. ಆದರೂ ಕೇಂದ್ರವಿದ್ದಲ್ಲಿ ದ್ರಾವಿಡ ಭಾಷೆಗಳಿಗೆ ಸ್ವಲ್ಪ ಎಡೆ ಸಿಕ್ಕಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1966ರಲ್ಲಿ ವಿಲಿಯಂ ಮೆಕಾರ್ಮಕ್ ಅವರ ಕನ್ನಡ ಪಾಠಪುಸ್ತಕವನ್ನು ಪ್ರಕಟಿಸಿತು.

ಬ್ರೌನರ ಹಟ 1961ರಲ್ಲಿ ಕೈಗೂಡಿತು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಒಂದುಗೂಡಿ ಭಾರತಾಧ್ಯಯನಕ್ಕಾಗಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದವು. ಬ್ರೌನರೇ ಅದರ ಮೊದಲ ಅಧ್ಯಕ್ಷರು, ಅದರ ಮೊದಲ ನೆಲೆ ಡೆಕ್ಕನ್ ಕಾಲೇಜು. ಆರಂಭಕ್ಕೆ ಫೋರ್ಡ್ ಪ್ರತಿಷ್ಠಾನದ ಡಾಲರು, ಬಳಿಕ ಅಧ್ಯಾಪಕರ ವೇತನಕ್ಕೂ ಓಡಾಟಕ್ಕೂ ಗೋಧಿಯ ರೂಪಾಯಿ. ಮನೆಯಲ್ಲಿ ಕುಳಿತು ಬರೆಯುವವನಿಗೆ ಈ ರೂಪಾಯಿಯಿಂದ ಉಪಯೋಗವಿಲ್ಲ. ಹಳ್ಳಿಗೆ ಹೋಗುವವನಿಗೆ, ದೇವಾಲಯದ ಛಾಯಾಚಿತ್ರ ತೆಗೆಯುವವನಿಗೆ, ಆಡುಮಾತನ್ನು ಕಲಿಯುವವನಿಗೆ ಅದು ಧಾರಾಳ. ಹಳೆಯ ಪ್ರಾಚ್ಯವಿದ್ಯೆ ಹಿಂದೆ ಸರಿದು ಸಮಾಜಶಾಸ್ತ್ರ, ಭಾಷಾವಿಜ್ಞಾನ, ಶಿಲ್ಪ ಮುಂದೆ ಬಂದದ್ದಕ್ಕೆ ಆ ಕಾಲದ ವಿಚಾರಧಾರೆಗಳಷ್ಟೇ ಈ ರೂಪಾಯಿಯ ಸ್ವಭಾವವೂ ಕಾರಣ. ಪಂಪ, ಕುಮಾರವ್ಯಾಸರಿಗೆ ಅದರಿಂದ ಹೆಚ್ಚಿನ ಲಾಭವಾಗಲಿಲ್ಲ. ಚಾಲುಕ್ಯರ ದೇವಾಲಯಗಳಿಗೆ ಆಯಿತು: ಇದೇ ಸಂಸ್ಥೆ ಹೊರತಂದ ಭಾರತೀಯ ದೇವಾಲಯ ವಾಸ್ತುವಿನ ವಿಶ್ವಕೋಶದಲ್ಲಿ, ಎಂ. ಎ. ಢಾಕಿ ಮೊದಲಾದವರ ಶ್ರಮದಿಂದ, ಕರ್ಣಾಟಕದ ಶಿಲ್ಪಪರಂಪರೆಗೆ 1986 ಮತ್ತು 1996ರ ಸಂಪುಟಗಳು ಮೀಸಲಾದವು. ಪುಣೆಯಲ್ಲಿ ಇದೇ ಸಂಸ್ಥೆಯ ಭಾಷಾವಿಜ್ಞಾನಿಯಾಗಿದ್ದ ಡಿ. ಪಿ. ಪಟ್ಟನಾಯಕ್ ಅವರು 1969ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನದ ಮೊದಲ ನಿರ್ದೇಶಕರಾದರು.

ವಿದ್ವಾಂಸರ ಹಿಂದೆಯೇ, ಎದುರು ದಿಕ್ಕಿನಲ್ಲಿ, ಪುಸ್ತಕಗಳ ಪ್ರಯಾಣ ಮೊದಲಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ತನ್ನ ದೆಹಲಿ ಕಚೇರಿಯ ಮೂಲಕ ಭಾರತದ ಎಲ್ಲ ಪ್ರಮುಖ ಭಾಷೆಗಳ ಪ್ರಕಟಣೆಗಳನ್ನು ಗೋಧಿಯ ರೂಪಾಯಿಯಿಂದ ಕೊಂಡು, ತಾನೊಂದು ಪ್ರತಿ ಇರಿಸಿಕೊಂಡು, ಆಯ್ದ ವಿಶ್ವವಿದ್ಯಾಲಯಗಳಿಗೂ ಕಳುಹಿಸತೊಡಗಿತು. ಕಾದಂಬರಿ, ಕವನ, ಪಿಎಚ್.ಡಿ. ಪ್ರಬಂಧ, ಅಭಿನಂದನಗ್ರಂಥ, ಪಂಚಾಂಗದವರೆಗೆ ಹಡಗೇರಿದವು. ನಾಡಿನೊಳಗಿನ ಎಷ್ಟೋ ಗ್ರಂಥಾಲಯಗಳಲ್ಲಿ ಕಾಣದ ಅರವತ್ತರ ದಶಕದ ಕನ್ನಡ ಪುಸ್ತಕಗಳು ಶಿಕಾಗೋ, ಬರ್ಕ್ಲಿಗಳ ಕಪಾಟುಗಳಲ್ಲಿ ಭದ್ರವಾಗಿರುವುದಕ್ಕೆ ಇದೇ ಕಾರಣ. ಓದುವವರು ಅಲ್ಲಿ ಕೆಲವರೇ ಎಂಬುದೂ ಸತ್ಯ. ಪುಸ್ತಕ ಬರುವಷ್ಟು ವೇಗವಾಗಿ ಓದುಗರು ತಯಾರಾಗಲಿಲ್ಲ.

ಸಂಶಯದ ದಿನಗಳು ದೂರವಿರಲಿಲ್ಲ. ವಿದ್ಯಾಸಹಾಯ ನೀಡುತ್ತಿದ್ದ ಏಷ್ಯಾ ಫೌಂಡೇಶನ್ನಿಗೆ ಅಮೆರಿಕದ ಗೂಢಚಾರ ಇಲಾಖೆಯ ಹಣ ಬರುತ್ತಿತ್ತೆಂಬುದು 1967ರಲ್ಲಿ ಬಯಲಾಯಿತು. 1968ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಹಿಮಾಲಯದ ಗಡಿನಾಡುಗಳನ್ನು ಕುರಿತು ಕೈಗೊಂಡಿದ್ದ ಸಂಶೋಧನೆಗೆ ಅಲ್ಲಿಯ ರಕ್ಷಣಾ ಇಲಾಖೆ ಹಣ ಕೊಡುತ್ತಿದೆಯೆಂದು ತಿಳಿದು ಭಾರತದಲ್ಲಿ ಕೋಲಾಹಲವಾಯಿತು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅದರ ದಂಡವನ್ನು ತೆತ್ತವರಲ್ಲಿ, ರಕ್ಷಣಾ ಇಲಾಖೆಯ ಮುಖವನ್ನೇ ಕಾಣದೆ ಜಾನಪದ ಗೀತೆಗಳನ್ನೋ ಶಾಸನಗಳನ್ನೋ ಅರಸಿ ಬಂದವರೂ ಇದ್ದರು. ವಿದೇಶೀ ಸಂಶೋಧಕರ ಅರ್ಜಿಗಳನ್ನು ಸರ್ಕಾರ ಬಿಗಿಯಾಗಿ ಪರೀಕ್ಷಿಸತೊಡಗಿತು. 1971ರ ಯುದ್ಧಕಾಲದ ವೈಮನಸ್ಯ ಈ ಬಿಗಿಯನ್ನು ಇನ್ನಷ್ಟು ಹೆಚ್ಚಿಸಿತು.

ಗೋಧಿಯ ಲೆಕ್ಕವೂ ಮುಗಿಯುವುದಕ್ಕೆ ಬಂದಿತ್ತು. 1974ರ ಫೆಬ್ರವರಿಯಲ್ಲಿ ಅಮೆರಿಕದ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಭಾರತ ಸರ್ಕಾರಕ್ಕೆ 1,664 ಕೋಟಿ ರೂಪಾಯಿಯ ಚೆಕ್ಕನ್ನು ಒಪ್ಪಿಸಿದರು. ಶೇಖರವಾಗಿದ್ದ ಹಣದ ಬಹುಭಾಗವನ್ನು ಹೀಗೆ ಬಿಟ್ಟುಕೊಟ್ಟು, ಉಳಿದದ್ದನ್ನು ಅಮೆರಿಕ ಮಿತವಾಗಿ ಖರ್ಚುಮಾಡುತ್ತ ಬಂದಿತು. ಕೊನೆಯದಾಗಿ 1987ರಲ್ಲಿ ಒಂದು ಭಾರತ-ಅಮೆರಿಕ ನಿಧಿಯನ್ನು ಏರ್ಪಡಿಸಿ, ಅಳಿದುಳಿದ ರೂಪಾಯಿಯನ್ನು ವಿದ್ಯೆ, ಸಂಸ್ಕೃತಿ, ವಿಜ್ಞಾನಗಳಿಗೆ ಹಂಚಲಾಯಿತು. ರೂಪಾಯಿ ಕ್ಷೀಣಿಸಿದಂತೆ ಪುಸ್ತಕಗಳ ಹೊಳೆಯೂ ಸೊರಗಿತು. ಎಂಬತ್ತರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಭಾರತದ ಪುಸ್ತಕಗಳಿಗೆ ತಮ್ಮ ಆಯವ್ಯಯದಿಂದಲೇ ಡಾಲರು ತೆರಬೇಕಾಯಿತು. ಬಂದದ್ದನ್ನೆಲ್ಲ ಇರಿಸಿಕೊಳ್ಳುತ್ತಿದ್ದ ಗ್ರಂಥಪಾಲಕರು ಯಾವ ಭಾಷೆ ಬೇಕು, ಯಾವುದು ಬೇಡ, ಎಷ್ಟು ಬೇಕು ಎಂದು ಪಟ್ಟಿಯ ಮುಂದೆ ಕುಳಿತು ಗುರುತು ಹಾಕತೊಡಗಿದರು.