ಹುತ್ತದ ಅಣಬೆ: ಗುರುತು, ಸಂಗ್ರಹಣೆ ಮತ್ತು ಎಚ್ಚರಿಕೆ

ಮುಂಗಾರು ಹದವಾಗಿ ಬಿದ್ದ ಬಳಿಕ ತುಮಕೂರು ತಾಲ್ಲೂಕಿನ ಕೋರ ಹೋಬಳಿಯಂತಹ ಬಯಲುಸೀಮೆಯ ಬದು, ಗೋಮಾಳ ಹಾಗೂ ತೋಟದ ಅಂಚುಗಳಲ್ಲಿ ಏಳುವ ಹುತ್ತದ ಅಣಬೆಯು (ಟರ್ಮಿಟೊಮೈಸಿಸ್) ಮುದ್ದೆಯ ಜೊತೆಗಿನ ಸಾರಿಗೆ ಬಹಳ ಬೇಡಿಕೆಯುಳ್ಳದ್ದು.

ಈ ಅಣಬೆಯ ನಿಜವಾದ ಕೃಷಿಕ ಗೆದ್ದಲು. ಒಣ ಎಲೆ, ಕಡ್ಡಿಗಳನ್ನು ತಿಂದು ಹೊರಹಾಕಿದ ವಸ್ತುವಿನಿಂದ ಅದು ನೆಲದೊಳಗೆ ರಂಧ್ರಯುಕ್ತ ಹಟ್ಟಿಯನ್ನು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸಿ ಆಹಾರವಾಗಿ ಬಳಸುತ್ತದೆ. ತೇವಾಂಶ ಒದಗಿದಾಗ ಆ ಹಟ್ಟಿಯಿಂದಲೇ ಅಣಬೆಯು ಮಣ್ಣನ್ನು ಸೀಳಿ ಮೇಲೇಳುತ್ತದೆ. ಗೆದ್ದಲಿಲ್ಲದೆ ಇದನ್ನು ವಾಣಿಜ್ಯವಾಗಿ ಬೆಳೆಯುವ ವಿಧಾನ ರೂಢಿಯಲ್ಲಿಲ್ಲ. ಆದ್ದರಿಂದ ಇದರ ಬಿತ್ತನೆ ಬೀಜ ಮಾರುವವರನ್ನು ನಂಬಬೇಡಿ. ಬೇಸಾಯದ ಆಸಕ್ತಿಯಿದ್ದವರಿಗೆ ಚಿಪ್ಪಣಬೆಯೇ ಸೂಕ್ತ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅಥವಾ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ.

ಬೆಳೆಗೆ ಹಾನಿಯಿಲ್ಲದ ಕಡೆ ಹುತ್ತವನ್ನು ಅಗೆಯದೆ ಬಿಡಿ. ಕೀಳುವಾಗ ಬುಡದ ಮಣ್ಣನ್ನು ಮೆಲ್ಲಗೆ ಸಡಿಲಿಸಿ, ಕಾಂಡವನ್ನು ಮಾತ್ರ ಎತ್ತಿರಿ. ಹಟ್ಟಿ ಒಡೆದರೆ ಮುಂದಿನ ಫಸಲಿಗೇ ಕುತ್ತು. ಗೆದ್ದಲುನಾಶಕ ಸುರಿದ ಹುತ್ತದ ಅಣಬೆ ತಿನ್ನಲು ಯೋಗ್ಯವಲ್ಲ. ಕಿತ್ತ ದಿನವೇ ತೊಳೆದು, ಚೆನ್ನಾಗಿ ಬೇಯಿಸಿ ಬಳಸಿರಿ; ಬೇಗ ಹುಳು ಬೀಳುತ್ತದೆ.

ಗುರುತಿನಲ್ಲಿ ಸಡಿಲಿಕೆ ಸಲ್ಲದು. ಹುತ್ತದ ಅಣಬೆಯ ಟೋಪಿಯ ನಡುವೆ ಸಾಮಾನ್ಯವಾಗಿ ಮೊನಚಾದ ಉಬ್ಬು ಇರುತ್ತದೆ; ದೊಡ್ಡ ಜಾತಿಗಳಲ್ಲಿ ಕಾಂಡವು ಬೇರಿನಂತೆ ಆಳಕ್ಕೆ ಇಳಿದಿರುತ್ತದೆ. ಟೋಪಿಯನ್ನು ಬಿಳಿ ಕಾಗದದ ಮೇಲೆ ಒಂದು ರಾತ್ರಿ ಬೋರಲಾಗಿ ಮುಚ್ಚಿಟ್ಟರೆ ತಿಳಿ ಗುಲಾಬಿ ಪುಡಿ ಉದುರುತ್ತದೆ. ಹಸಿರು ಪುಡಿ ಬಿದ್ದರೆ ಅದು ಹುಲ್ಲುಗಾವಲಿನಲ್ಲಿ ಬೆಳೆಯುವ, ತೀವ್ರ ವಾಂತಿ-ಭೇದಿ ತರುವ ಕ್ಲೋರೊಫಿಲಮ್ ಆಗಿರಬಹುದು. ಬುಡದಲ್ಲಿ ಚೀಲದಂತಹ ಹೊದಿಕೆಯಿದ್ದರೆ ಮಾರಕವಾದ ಅಮಾನಿಟಾ ಇರಬಹುದು, ಮುಟ್ಟದಿರಿ. ಗುಲಾಬಿ ಪುಡಿ ಬಿದ್ದ ಮಾತ್ರಕ್ಕೆ ನಿಶ್ಚಿಂತೆಯೂ ಬೇಡ, ಆ ಬಣ್ಣದ ವಿಷಕಾರಿ ಅಣಬೆಗಳೂ ಇವೆ. ಎಲ್ಲ ಲಕ್ಷಣಗಳೂ ಹೊಂದಬೇಕು, ಬಲ್ಲ ಹಿರಿಯರೂ ಒಪ್ಪಬೇಕು.

ಬೆಳ್ಳಿ ನಾಣ್ಯ ಅಥವಾ ಬೆಳ್ಳುಳ್ಳಿ ಕಪ್ಪಾಗದಿದ್ದರೆ ವಿಷವಿಲ್ಲ, ಹುಳು ತಿಂದದ್ದನ್ನು ಮನುಷ್ಯರೂ ತಿನ್ನಬಹುದು ಎಂಬ ನಂಬಿಕೆಗಳಿಗೆ ಆಧಾರವಿಲ್ಲ. ಅಮಾನಿಟಾದ ವಿಷ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ.

ತಿಂದ ಮೇಲೆ ವಾಂತಿ, ಹೊಟ್ಟೆನೋವು ಕಂಡರೆ ಉಳಿದ ಅಣಬೆಯೊಂದಿಗೆ ಕೂಡಲೇ ಆಸ್ಪತ್ರೆಗೆ ತೆರಳಿರಿ. 6 ಗಂಟೆಗಳಿಗಿಂತ ತಡವಾಗಿ ಆರಂಭವಾಗುವ ಲಕ್ಷಣಗಳು ಹೆಚ್ಚು ಅಪಾಯಕರ. ನಡುವೆ ಒಂದು ದಿನ ರೋಗಿ ಚೇತರಿಸಿದಂತೆ ಕಂಡರೂ ಯಕೃತ್ತಿಗೆ ಹಾನಿ ಮುಂದುವರಿದಿರುತ್ತದೆ. ಆಗ ಆಸ್ಪತ್ರೆಯಿಂದ ಮನೆಗೆ ಕರೆತರಬೇಡಿ.